ಚೀನಾದಲ್ಲಿ ಓದುವ ಮಗಳಿಗೆ ಟರ್ಮ್ ಕೊನೆಯ ಇಂಗ್ಲಿಷ್ ಪರೀಕ್ಷೆ: ಉಳಿದ ಮೂರು ವಾರದಲ್ಲಿ ಏನು ಮಾಡಿಸಲಿ?

ಕೇಳಿದವರು, ವುಹಾನ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು, ಯಜಮಾನರು ಚೀನಾದವರು, ಮನೆ ವುಹಾನ್‌ನಲ್ಲಿ. ಮಗಳು ಇಲ್ಲಿನ ಸರ್ಕಾರಿ ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದಾಳೆ. ನಮ್ಮಲ್ಲಿ ಹತ್ತನೇ ಕ್ಲಾಸಿಗೆ ಬರುವ ವಯಸ್ಸು. ಜನವರಿ ಕೊನೆಗೆ ಛೀಮೊ ಖಾವ್‌ಶಿ, ಅಂದರೆ ಟರ್ಮ್ ಕೊನೆಯ ಪರೀಕ್ಷೆ. ಇನ್ನು ಮೂರೇ ವಾರ. ನವೆಂಬರ್ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ 150ಕ್ಕೆ 98 ಬಂತು. ಆಮೇಲಿಂದ ದಿನಾ ರಾತ್ರಿ ಒಂದು ಅಭ್ಯಾಸದ ಪೇಪರ್ ಬರೆಯುತ್ತಿದ್ದಾಳೆ. ಮಲಗುವಾಗ ಹನ್ನೆರಡು ದಾಟುತ್ತದೆ. ಅಂಕ ಮಾತ್ರ ಅಲ್ಲೇ ನಿಂತಿದೆ. ಮನೆಯಲ್ಲಿ ನನ್ನ ಜೊತೆ ಕನ್ನಡ, ಅಪ್ಪನ ಜೊತೆ ಚೀನೀ ಮಾತಾಡುತ್ತಾಳೆ. ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೆ ಹೇಳಿಕೊಡಲು ಕೂತರೆ "ಅಮ್ಮಾ, ನಿನ್ನ ಇಂಗ್ಲಿಷ್ ಬೇರೆ, ಪರೀಕ್ಷೆ ಇಂಗ್ಲಿಷ್ ಬೇರೆ" ಅನ್ನುತ್ತಾಳೆ. ಇದನ್ನೆಲ್ಲ ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ನಾನ್‌ಜಿಂಗ್‌ನಿಂದ

ಅಕ್ಕಾ, ನಿಮ್ಮ ಮಗಳು ಹೇಳಿದ್ದು ನಿಜ. ನನ್ನ ಮಗನೂ ಇದೇ ಮಾತು ಹೇಳುತ್ತಿದ್ದ. ಅದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಅವನು ಹೈಸ್ಕೂಲ್ ಮುಗಿಸಿ ಈಗ ಎರಡು ವರ್ಷ. ನಮ್ಮ ಜಿಯಾಂಗ್ಸು, ನಿಮ್ಮ ಹುಬೇ, ಎರಡೂ ಪ್ರಾಂತ್ಯದಲ್ಲಿ ಗಾವ್‌ಕಾವ್‌ಗೆ, ಅಂದರೆ ಹೈಸ್ಕೂಲ್ ಕೊನೆಗೆ ಬರುವ ಕಾಲೇಜು ಪ್ರವೇಶ ಪರೀಕ್ಷೆಗೆ, ಬರುವುದು ಒಂದೇ ರಾಷ್ಟ್ರೀಯ ಇಂಗ್ಲಿಷ್ ಪೇಪರ್. ಟರ್ಮ್ ಪರೀಕ್ಷೆಗಳೂ ಹೆಚ್ಚಾಗಿ ಅದೇ ಅಚ್ಚಿನಲ್ಲಿ ಬರುತ್ತವೆ. ಹಾಗಾಗಿ ನಮ್ಮ ಅನುಭವ ನಿಮಗೆ ಉಪಯೋಗಕ್ಕೆ ಬರಬಹುದು.

ಮೊದಲು ನೀವು ಒಂದು ಕೆಲಸ ಮಾಡಿ. ಮಗಳು ಶಾಲೆಗೆ ಹೋದಾಗ ಉತ್ತರ ಬರೆಯದ ಒಂದು ಪ್ರಶ್ನೆ ಪೇಪರ್ ತೆಗೆದುಕೊಂಡು ನೀವೇ ಬರೆಯಿರಿ. ಗಡಿಯಾರ ಇಟ್ಟುಕೊಂಡು, ಪೂರ್ತಿ ಎರಡು ಗಂಟೆ. ಕೇಳುವ ಭಾಗಕ್ಕೆ 30 ಅಂಕ. ಓದುವ ಭಾಗಕ್ಕೆ 50, ಅದರಲ್ಲಿ ನಾಲ್ಕು ಪ್ಯಾಸೇಜ್, ಜೊತೆಗೆ ಏಳು ವಾಕ್ಯದಲ್ಲಿ ಐದನ್ನು ಆರಿಸಿ ಖಾಲಿ ಜಾಗಕ್ಕೆ ಹಾಕುವುದು. ಬಿಟ್ಟ ಪದ ತುಂಬುವ ಕಥೆಗೆ 15, ವ್ಯಾಕರಣದ ಖಾಲಿ ಜಾಗಗಳಿಗೆ 15. ಕೊನೆಗೆ ಬರವಣಿಗೆ 40: ಪತ್ರಕ್ಕೆ 15, ಅರ್ಧಕ್ಕೆ ನಿಲ್ಲಿಸಿದ ಕಥೆ ಮುಂದುವರಿಸುವುದಕ್ಕೆ 25. ನಾನು ಮೊದಲ ಸಲ ಬರೆದಾಗ ಕಥೆಗೆ ಬರುವಷ್ಟರಲ್ಲಿ ಹನ್ನೊಂದು ನಿಮಿಷ ಉಳಿದಿತ್ತು. ಅವತ್ತು ಸಂಜೆಯಿಂದ ಮಗನ ಜೊತೆ ನಾನು ಮಾತಾಡುವ ಧಾಟಿಯೇ ಬದಲಾಯಿತು.

ಈಗ ಮುಖ್ಯ ವಿಷಯ. ದಿನಕ್ಕೊಂದು ಪೇಪರ್ ಬರೆಯುವುದನ್ನು ಇವತ್ತೇ ನಿಲ್ಲಿಸಿ. ಅವಳು ರಾತ್ರಿ ಸ್ವಯಂ ಓದಿನ ತರಗತಿ ಮುಗಿಸಿ ಮನೆಗೆ ಬರುವುದೇ ಹತ್ತು ಗಂಟೆಗೆ ಅಲ್ವಾ? ಆ ದಣಿವಿನಲ್ಲಿ ಬರೆದ ಪೇಪರಿನಿಂದ ಅವಳು ಕಲಿಯುವುದು ಏನೂ ಇಲ್ಲ. ಉತ್ತರ ನೋಡುತ್ತಾಳೆ, ಕೆಂಪು ಪೆನ್ನಿನಲ್ಲಿ ತಿದ್ದುತ್ತಾಳೆ, ಮಲಗುತ್ತಾಳೆ. ಮಾರನೇ ದಿನ ಅದೇ ತಪ್ಪು ಬೇರೆ ಪ್ಯಾಸೇಜ್‌ನಲ್ಲಿ ಮತ್ತೆ ಬರುತ್ತದೆ. ನಾವು ಹತ್ತು ತಿಂಗಳು ಇದನ್ನೇ ಮಾಡಿದೆವು. ಮನೆಯಲ್ಲಿ ಪೇಪರ್ ರಾಶಿ ಬೆಳೆಯಿತು, ಅಂಕ ಬೆಳೆಯಲಿಲ್ಲ.

ನಮಗೆ ಕೈ ಹಿಡಿದದ್ದು ಇದು. ವಾರಕ್ಕೆ ಒಂದೇ ಪೇಪರ್. ಭಾನುವಾರ ಮಧ್ಯಾಹ್ನ, ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು. ಗಾವ್‌ಕಾವ್‌ನಲ್ಲಿ ಇಂಗ್ಲಿಷ್ ಇರುವುದು ಜೂನ್ 8ರ ಮಧ್ಯಾಹ್ನ 3ರಿಂದ 5, ಹಾಗಾಗಿ ಆ ಹೊತ್ತಿಗೆ ತಲೆ ಚುರುಕಾಗಿರುವ ಅಭ್ಯಾಸ ಈಗಲೇ ಆಗಲಿ. ಉಳಿದ ಆರು ದಿನ ಅದೇ ಪೇಪರ್, ರಾತ್ರಿಗೆ 25 ನಿಮಿಷ ಮಾತ್ರ. ತಪ್ಪಾದ ಒಂದೊಂದು ಪ್ರಶ್ನೆಗೂ ಪಕ್ಕದಲ್ಲಿ ಕಾರಣ ಬರೆಯಬೇಕು. ಪದ ಗೊತ್ತಿರಲಿಲ್ಲವೇ? ಪದ ಗೊತ್ತಿದ್ದೂ ವಾಕ್ಯ ಬಿಡಿಸಲು ಆಗಲಿಲ್ಲವೇ? ಅಥವಾ ಪ್ಯಾಸೇಜ್‌ಗೆ ವಾಪಸ್ ಹೋಗದೆ ನೆನಪಿನಿಂದಲೇ ಗುರುತು ಹಾಕಿದಳೇ? ಈ ಮೂರೇ ಕಾರಣ ಸಾಕು. ಇಲ್ಲಿನ ಮಕ್ಕಳೆಲ್ಲ ತ್ಸುವೋ ಥೀ ಬೆನ್, ಅಂದರೆ ತಪ್ಪು ಪ್ರಶ್ನೆಗಳ ಪುಸ್ತಕ, ಇಟ್ಟಿರುತ್ತಾರೆ. ಆದರೆ ಬಹಳ ಜನ ಅದರಲ್ಲಿ ಪ್ರಶ್ನೆ ಮತ್ತು ಸರಿ ಉತ್ತರವನ್ನು ಅಂದವಾಗಿ ನಕಲು ಮಾಡುತ್ತಾರೆ ಅಷ್ಟೇ. ಕಾರಣ ಬರೆಯುವುದಿಲ್ಲ. ನನ್ನ ಪ್ರಕಾರ ಕಾರಣ ಇಲ್ಲದ ಪುಸ್ತಕ ಇಟ್ಟೂ ಪ್ರಯೋಜನ ಇಲ್ಲ.

ನಿಮ್ಮ ಮಗಳಿಗೆ ಪೀಪಲ್ಸ್ ಎಜುಕೇಶನ್ ಪ್ರೆಸ್‌ನ ಪುಸ್ತಕ ಇದ್ದರೆ, ಮೊದಲ ಪುಸ್ತಕದ ಕೊನೆಯ ಎರಡು ಯೂನಿಟ್ ಗಮನಿಸಿ. 1976ರ ತಾಂಗ್‌ಶಾನ್ ಭೂಕಂಪದ ಪಾಠ ಇರುವುದು ನಾಲ್ಕನೆಯದು. ಅದರಲ್ಲೂ ಐದನೆಯದರಲ್ಲೂ ವ್ಯಾಕರಣ ಒಂದೇ: ವಿಚ್, ಹೂ, ದಟ್, ವೇರ್ ಬರುವ ಉಪವಾಕ್ಯಗಳು. ಮೊದಲ ಟರ್ಮ್ ಪರೀಕ್ಷೆಯಲ್ಲಿ ಇದು ಬರದೇ ಇರುವುದಿಲ್ಲ. ವ್ಯಾಕರಣದಲ್ಲಿ ಬರುತ್ತದೆ, ಓದುವ ಪ್ಯಾಸೇಜ್‌ನ ಉದ್ದ ವಾಕ್ಯಗಳಲ್ಲಿ ಬರುತ್ತದೆ, ಬರವಣಿಗೆಯಲ್ಲೂ ಬೇಕು.

ಇಲ್ಲಿ ನಿಮಗೆ ಒಂದು ಅನುಕೂಲ ಇದೆ ಅಕ್ಕಾ. ಮಗಳಿಗೆ ಕನ್ನಡ ಬರುತ್ತದೆ. "ನಿನ್ನೆ ನಾವು ನೋಡಿದ ಮನೆ" ಅಂತ ನಾವು ಹೇಳುತ್ತೇವೆ. ಚೀನೀಯಲ್ಲೂ ಇದೇ ಕ್ರಮ: ನಿನ್ನೆ, ನಾವು, ನೋಡಿ, ಆಮೇಲೆ "ದ" ಅನ್ನುವ ಪುಟ್ಟ ಪದ, ಕೊನೆಗೆ ಮನೆ. ನಮ್ಮ "ನೋಡಿದ"ದ ಕೊನೆಯ "ದ"ಕ್ಕೂ ಅವರ "ದ"ಕ್ಕೂ ನಂಟು ಏನಿಲ್ಲ, ಆದರೆ ಕೂತಿರುವ ಜಾಗ ಒಂದೇ. ಎರಡೂ ಭಾಷೆಯಲ್ಲಿ ವಿವರಣೆ ಮೊದಲು, ಮನೆ ಆಮೇಲೆ. ಇಂಗ್ಲಿಷ್‌ನಲ್ಲಿ ಮನೆ ಮೊದಲು ಬಂದು ನಿಲ್ಲುತ್ತದೆ, ವಿವರಣೆ ಅದರ ಬೆನ್ನಿಗೆ. ಅವಳಿಗೆ ಬರುವ ಎರಡು ಭಾಷೆಯೂ ಒಂದು ಕಡೆ, ಪರೀಕ್ಷೆಯ ಭಾಷೆ ಇನ್ನೊಂದು ಕಡೆ. ಕಷ್ಟ ಆಗುವುದು ಸಹಜ ಅಲ್ವಾ?

ನಾನು ಮಾಡಿದ್ದು ಇಷ್ಟು. ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿದೆ. ಒಂದರ ಮೇಲೆ "ದ ಹೌಸ್". ಇನ್ನೊಂದರ ಮೇಲೆ "ವಿ ಸಾ ಇಟ್ ಯೆಸ್ಟರ್‌ಡೇ". ಮೂರನೆಯದರ ಮೇಲೆ "ಫೆಲ್ ಡೌನ್". ಚಿಕ್ಕ ಚೀಟಿಯಲ್ಲಿ "ದಟ್". ಊಟದ ಮೇಜಿನ ಮೇಲೆ ಜೋಡಿಸು ಅಂತ ಮಗನಿಗೆ ಅಂದೆ. ಮನೆ ಮೊದಲು ಇಟ್ಟ, ಅದರ ಪಕ್ಕ "ದಟ್", ಆಮೇಲೆ ಎರಡನೇ ಚೀಟಿ, ಕೊನೆಗೆ "ಫೆಲ್ ಡೌನ್". ಸರಿಯಾಗಿತ್ತು, ಆದರೆ "ಇಟ್" ಅಲ್ಲೇ ಉಳಿದಿತ್ತು. ಅವನು ಪ್ರತಿ ಸಲ ಮಾಡುತ್ತಿದ್ದ ತಪ್ಪು ಅದೇ. ಕತ್ತರಿ ಕೊಟ್ಟು "ಆ ಇಟ್ ಕತ್ತರಿಸು, ಅದು ದಟ್ ಆಗಿ ಮುಂದೆ ಹೋಗಿಬಿಟ್ಟಿದೆ" ಅಂದೆ. ಅವನೇ ಕೈಯಾರೆ ಕತ್ತರಿಸಿದ. ಅಲ್ಲಿಂದ ಮುಂದೆ ಆ ತಪ್ಪು ಅಪರೂಪವಾಯಿತು. ಐದಾರು ವಾಕ್ಯ ಹೀಗೆ ಮಾಡಿಸಿ. ಅವಳ ತಪ್ಪು ಪುಸ್ತಕದಿಂದಲೇ ವಾಕ್ಯ ತೆಗೆದುಕೊಳ್ಳಿ.

ಇನ್ನೊಂದು ಪುಟ್ಟ ತಪ್ಪು. ಚೀನೀಯಲ್ಲಿ "ಸುಯ್‌ರಾನ್" ಅಂತ ಶುರು ಮಾಡಿದರೆ "ದಾನ್‌ಶೀ" ಬರಲೇಬೇಕು ಅನ್ನುವಷ್ಟು ರೂಢಿ. ಅದಕ್ಕೇ ಮಕ್ಕಳು "ಆಲ್ದೋ" ಬರೆದ ಮೇಲೆ "ಬಟ್" ಕೂಡ ಬರೆದುಬಿಡುತ್ತಾರೆ. ಎರಡರಲ್ಲಿ ಒಂದೇ. ಎ, ಆ್ಯನ್, ದ ಕೂಡ ಹಾಗೇ, ಚೀನೀಯಲ್ಲಿ ಇವು ಇಲ್ಲ. ನಮ್ಮಲ್ಲೂ ಇಲ್ಲ. ಬರೆದು ಮುಗಿಸಿದ ಮೇಲೆ ಒಂದು ನಿಮಿಷ ಇದಕ್ಕೆಂದೇ ಇಟ್ಟುಕೊಂಡು ಪ್ರತಿ ನಾಮಪದಕ್ಕೆ ಮೊದಲಿನ ಜಾಗದಲ್ಲಿ ಬೆರಳು ಇಟ್ಟು ನೋಡಬೇಕು.

ಬಿಟ್ಟ ಪದ ತುಂಬುವ ಕಥೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಸಲ ಏನನ್ನೂ ತುಂಬದೆ ಪೂರ್ತಿ ಓದಲಿ. ಎರಡನೇ ಜಾಗದ ಉತ್ತರ ಎಷ್ಟೋ ಸಲ ಕೆಳಗಿನ ಪ್ಯಾರಾದಲ್ಲಿ ಇರುತ್ತದೆ.

ಪತ್ರ. ಲೀ ಹುವಾ ಯಾರು ಅಂತ ನಿಮಗೆ ಗೊತ್ತಲ್ಲ, ಚೀನಾದ ಎಲ್ಲ ಪರೀಕ್ಷೆಗಳಲ್ಲೂ ವಿದೇಶಿ ಗೆಳೆಯರಿಗೆ ಪತ್ರ ಬರೆಯುವ ಕಲ್ಪನೆಯ ಹುಡುಗ. ಮಕ್ಕಳು ಅವನ ಹೆಸರಿನಲ್ಲಿ ಬರೆಯಬೇಕು, ಸುಮಾರು 80 ಪದ. ಒಮ್ಮೆ ನನ್ನ ಮಗನಿಗೆ ಕಾಗದ ಕತ್ತರಿಸುವ ಕಲೆಯ ತರಗತಿಗೆ ವಿದೇಶಿ ವಿದ್ಯಾರ್ಥಿಯನ್ನು ಕರೆಯುವ ಪತ್ರ ಬಂದಿತ್ತು. ಅವನು ಬಾಯಿಪಾಠ ಮಾಡಿದ್ದ ಸುಂದರ ಸಾಲುಗಳಲ್ಲಿ ಚೀನಾ ಸಂಸ್ಕೃತಿಯನ್ನು ಹೊಗಳಿದ. ತರಗತಿ ಎಲ್ಲಿ, ಯಾವಾಗ ಅಂತ ಬರೆಯಲೇ ಇಲ್ಲ. 15ಕ್ಕೆ 8 ಬಂತು. ಆಮೇಲೆ ನಾವು ನಿಯಮ ಮಾಡಿಕೊಂಡೆವು. ಪ್ರಶ್ನೆಯಲ್ಲಿ ಕೇಳಿದ ಒಂದೊಂದು ಅಂಶಕ್ಕೂ ಎರಡು ವಾಕ್ಯ. ಪತ್ರ ಮುಗಿದ ಮೇಲೆ ನಾನೇ ಆ ವಿದೇಶಿ ಹುಡುಗ ಆಗಿ ಕೇಳುತ್ತಿದ್ದೆ: "ಸರಿ, ಬರುತ್ತೇನೆ. ಎಷ್ಟು ಗಂಟೆಗೆ ಬರಲಿ? ಏನು ತರಲಿ?" ಉತ್ತರ ಪತ್ರದಲ್ಲಿ ಇಲ್ಲದಿದ್ದರೆ ಮತ್ತೆ ಬರೆಯುವುದು. ನಿಮ್ಮ ಇಂಗ್ಲಿಷ್ ಕೆಲಸಕ್ಕೆ ಬರುವುದು ಇಲ್ಲಿ ಅಕ್ಕಾ.

ಕಥೆ ಮುಂದುವರಿಸುವ ಪ್ರಶ್ನೆಗೆ 25 ಅಂಕ. ಎರಡು ಪ್ಯಾರಾಗಳ ಮೊದಲ ವಾಕ್ಯ ಅವರೇ ಕೊಡುತ್ತಾರೆ, ಸುಮಾರು 150 ಪದದಲ್ಲಿ ಮುಗಿಸಬೇಕು. ಕಣ್ಣೀರು ಉಕ್ಕಿತು, ಎದೆ ಢವಗುಟ್ಟಿತು, ಇಂಥ ಸಾಲುಗಳ ಪಟ್ಟಿ ಮಕ್ಕಳ ಹತ್ತಿರ ಇರುತ್ತದೆ. ಒಂದೆರಡು ಇರಲಿ, ತಪ್ಪಿಲ್ಲ. ಆದರೆ ಅಂಕ ಇರುವುದು ಕಥೆಯಲ್ಲಿ ಮೊದಲೇ ಇಟ್ಟಿರುವ ವಸ್ತುವಿನಲ್ಲಿ. ಒಂದು ಅಭ್ಯಾಸದ ಕಥೆಯಲ್ಲಿ ಹುಡುಗ ಬೆಟ್ಟದಲ್ಲಿ ದಾರಿ ತಪ್ಪುತ್ತಾನೆ. ಮೊದಲ ಪ್ಯಾರಾದಲ್ಲೇ ಅಮ್ಮ ಅವನ ಬ್ಯಾಗಿಗೆ ಒಂದು ಸೀಟಿ ಕಟ್ಟಿರುತ್ತಾಳೆ. ನನ್ನ ಮಗ ಹೆಲಿಕಾಪ್ಟರ್ ತರಿಸಿ ಹುಡುಗನನ್ನು ಉಳಿಸಿದ. ಸೀಟಿ ಬ್ಯಾಗಿನಲ್ಲೇ ಉಳಿಯಿತು. ಹಾಗಾಗಿ ಓದುವಾಗಲೇ ಪೆನ್ಸಿಲ್‌ನಲ್ಲಿ ಅಂಥ ವಸ್ತುಗಳ ಸುತ್ತ ಗುಂಡಗೆ ಗುರುತು ಹಾಕಲಿ. ಆಮೇಲೆ ಎರಡನೇ ಪ್ಯಾರಾದ ಕೊಟ್ಟ ವಾಕ್ಯ ಓದಲಿ. ಮೊದಲ ಪ್ಯಾರಾ ಆ ವಾಕ್ಯದ ಬಾಗಿಲಿಗೆ ಬಂದು ನಿಲ್ಲಬೇಕು.

ಸಮಯಕ್ಕೆ ನಮ್ಮ ಲೆಕ್ಕ ಹೀಗಿತ್ತು: ಕೇಳಲು 20 ನಿಮಿಷ, ಓದಲು 35, ಪದ ತುಂಬಲು 12, ವ್ಯಾಕರಣಕ್ಕೆ 8, ಪತ್ರಕ್ಕೆ 12, ಕಥೆಗೆ 28, ನೋಡಿಕೊಳ್ಳಲು 5. ನಾಲ್ಕನೇ ಪ್ಯಾಸೇಜ್ ಗಟ್ಟಿಯಾಗಿರುತ್ತದೆ. ಅಲ್ಲಿ ಒಂದು ಪ್ರಶ್ನೆಗೆ ಸಿಕ್ಕಿಕೊಂಡು ಕಥೆಯ ಸಮಯ ಕಳೆದುಕೊಳ್ಳುವುದು ಬೇಡ. ಆ ಪ್ರಶ್ನೆಗೆ ಇರುವುದು 2.5 ಅಂಕ.

ಗುವಾಂಗ್‌ಝೌನಿಂದ

ನಾನು ಇಲ್ಲಿ ಮಕ್ಕಳಿಗೆ ಇಂಗ್ಲಿಷ್ ಮಾತು ಕಲಿಸುತ್ತೇನೆ. ಕೇಳುವ ಭಾಗದ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದನ್ನು ಮೇಲಿನ ಮೇಡಂ ಚೆನ್ನಾಗಿ ಬರೆದಿದ್ದಾರೆ. ನಮ್ಮ ಗುವಾಂಗ್‌ಡಾಂಗ್‌ನಲ್ಲಿ ಗಾವ್‌ಕಾವ್‌ಗೆ ಇದು ಕಂಪ್ಯೂಟರ್ ಮುಂದೆ ಕೂತು ಕೇಳಿ ಮಾತಾಡುವ ಬೇರೆಯೇ ಪರೀಕ್ಷೆ, 20 ಅಂಕಕ್ಕೆ. ನಿಮ್ಮಲ್ಲಿ ಹಾಗಿಲ್ಲ. 20 ಪ್ರಶ್ನೆ, ಒಂದೊಂದಕ್ಕೆ ಒಂದೂವರೆ ಅಂಕ.

ಮೊದಲ ಐದು ಚಿಕ್ಕ ಸಂಭಾಷಣೆಗಳನ್ನು ಒಂದೇ ಸಲ ಹಾಕುತ್ತಾರೆ. ಎಲ್ಲರೂ ಎಡವುವುದು ಇಲ್ಲೇ. ಉಳಿದವು ಎರಡೆರಡು ಸಲ. ಶುರುವಿನಲ್ಲಿ ಒಂದು ಮಾದರಿ ಪ್ರಶ್ನೆ ಇರುತ್ತದೆ, ಶರ್ಟಿನ ಬೆಲೆ ಎಷ್ಟು ಅಂತ. ಉತ್ತರ 9 ಪೌಂಡ್ 15 ಪೆನ್ಸ್. ಅದು ಮಕ್ಕಳಿಗೆಲ್ಲ ಬಾಯಿಗೇ ಬಂದಿರುತ್ತದೆ. ಆದರೂ ಸುಮ್ನೆ ಅದನ್ನೇ ಕೇಳುತ್ತಾ ಕೂರುತ್ತಾರೆ. ಆ ಹೊತ್ತಿನಲ್ಲಿ ಐದೂ ಪ್ರಶ್ನೆ ಓದಿ, ಮುಖ್ಯ ಪದದ ಕೆಳಗೆ ಗೆರೆ ಹಾಕಬೇಕು. "ಎಲ್ಲಿ" ಅಂತ ಕೇಳಿದ್ದಾರೋ "ಯಾವಾಗ" ಅಂತಲೋ ಮೊದಲೇ ಗೊತ್ತಿದ್ದರೆ ಕಿವಿ ತಾನಾಗಿ ಅದನ್ನು ಹುಡುಕುತ್ತದೆ. ಒಂದು ತಪ್ಪಿಹೋದರೆ ಏನೋ ಒಂದು ಗುರುತು ಹಾಕಿ ಮುಂದಕ್ಕೆ ಹೋಗಲಿ. ಹೋದದ್ದನ್ನು ಯೋಚಿಸುತ್ತಾ ಮುಂದಿನ ಎರಡನ್ನೂ ಕಳೆದುಕೊಳ್ಳುವ ಮಕ್ಕಳನ್ನು ತುಂಬಾ ನೋಡಿದ್ದೇನೆ.

ಮನೆಯಲ್ಲಿ ಅಭ್ಯಾಸಕ್ಕೆ ದಿನಾ ಒಂದು ಸಂಭಾಷಣೆ ಸಾಕು. ಒಂದು ಸಲ ಕೇಳಿ ಉತ್ತರಿಸಲಿ. ಆಮೇಲೆ ಬರೆದಿರುವ ಪಠ್ಯ ನೋಡಿಕೊಂಡು, ಅದರ ಜೊತೆಗೇ ಜೋರಾಗಿ ಹೇಳಲಿ. ತನ್ನ ಬಾಯಲ್ಲಿ ಬಂದ ಮಾತು ಕಿವಿಗೆ ಬೇಗ ಸಿಗುತ್ತದೆ. ಥರ್ಟೀನ್, ಥರ್ಟಿ ಥರದ ಜೋಡಿಗಳನ್ನು ನೀವು ಅಡುಗೆ ಮಾಡುತ್ತಾ ಹೇಳಿ, ಯಾವುದು ಅಂತ ಅವಳನ್ನು ಕೇಳಬಹುದು.

ಕೈಬರಹದ ಬಗ್ಗೆಯೂ ಒಂದು ಮಾತು. ಇಲ್ಲಿ ಉತ್ತರದ ಹಾಳೆ ಸ್ಕ್ಯಾನ್ ಆಗಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದುವವರಿಗೆ ಕಾಣುತ್ತದೆ. ಚೌಕದ ಗೆರೆ ದಾಟಿ ಬರೆದರೆ ಆ ಪದಗಳು ಅವರಿಗೆ ಕಾಣುವುದೇ ಇಲ್ಲ. ಹೆಬೇ ಪ್ರಾಂತ್ಯದ ಹೆಂಗ್‌ಶ್ವೇ ಅನ್ನುವ ಊರಿನ ಹೆಸರಿನಲ್ಲಿ ಒಂದು ಗುಂಡಗಿನ ಅಚ್ಚಿನಂಥ ಬರಹ ದೇಶವೆಲ್ಲ ಹರಡಿದೆ. ಅದನ್ನೇ ಕಲಿಯಬೇಕು ಅಂತ ನಾನು ಹೇಳುವುದಿಲ್ಲ, ಮೂರು ವಾರದಲ್ಲಿ ಬರಹ ಬದಲಾಯಿಸಲು ಹೋಗಬೇಡಿ. ಪದಗಳ ನಡುವೆ ಜಾಗ ಸಮನಾಗಿರಲಿ, ಹೊಡೆದು ಹಾಕುವುದಿದ್ದರೆ ಒಂದೇ ಗೆರೆ ಎಳೆಯಲಿ.

ಕೇಳಿದವರು, ಒಂದು ವಾರದ ನಂತರ

ಇಬ್ಬರಿಗೂ ತುಂಬಾ ಧನ್ಯವಾದ. ನಾನೂ ಒಂದು ಪೇಪರ್ ಬರೆದೆ. ಸಮಯ ಸಾಲಲಿಲ್ಲ. ಅದನ್ನು ಮಗಳಿಗೆ ಹೇಳಿದಾಗ ಪಕ್ಕಕ್ಕೆ ಬಂದು ಕೂತು ನನ್ನ ಪೇಪರ್ ನೋಡಿದಳು, ಏಳರಲ್ಲಿ ಐದು ಆರಿಸುವುದು ಹೇಗೆ ಅಂತ ಅವಳೇ ನನಗೆ ಹೇಳಿಕೊಟ್ಟಳು. ಭಾನುವಾರ ಅವಳು ಬರೆದದ್ದರಲ್ಲಿ ಬರವಣಿಗೆ ಬಿಟ್ಟು 65 ಪ್ರಶ್ನೆಗೆ 21 ತಪ್ಪು. ಕಾರಣ ಬರೆದು ನೋಡಿದರೆ ಪದ ಗೊತ್ತಿಲ್ಲದ್ದು 6, ವಾಕ್ಯ ಬಿಡಿಸಲಾಗದ್ದು 8, ವಾಪಸ್ ಹೋಗಿ ನೋಡದೆ ಹಾಕಿದ್ದು 7. ಪದ ಬರುವುದಿಲ್ಲ ಅಂತಲೇ ಇಷ್ಟು ದಿನ ಪಟ್ಟಿ ಬಾಯಿಪಾಠ ಮಾಡಿಸುತ್ತಿದ್ದೆ. ಈಗ ಉಳಿದಿರುವ ಎರಡು ವಾರದಲ್ಲಿ ಪದಗಳನ್ನು ಬಿಟ್ಟೇಬಿಡಲೇ?

ನಾನ್‌ಜಿಂಗ್‌ನಿಂದ

ಬಿಡಬೇಡಿ, ಆದರೆ ಪಟ್ಟಿ ಬೇಡ. ಗಾವ್‌ಕಾವ್‌ವರೆಗೆ ಬೇಕಾಗುವ ಪದ ಮೂರು ಸಾವಿರಕ್ಕೂ ಮೇಲೆ. ಎರಡು ವಾರದಲ್ಲಿ ಅದನ್ನು ಮುಟ್ಟಲು ಆಗುವುದಿಲ್ಲ, ಅದಕ್ಕೆ ಇನ್ನೂ ಎರಡೂವರೆ ವರ್ಷ ಇದೆ. ಈ ಪರೀಕ್ಷೆಗೆ ಪುಸ್ತಕದ ಪಾಠಗಳ ಪದ ಸಾಕು. ಬೆಳಗಿನ ಓದಿನ ಹೊತ್ತಿನಲ್ಲಿ ಪಾಠವನ್ನೇ ಜೋರಾಗಿ ಓದಲಿ, ಪದ ವಾಕ್ಯದ ಒಳಗೇ ನೆನಪಿಗೆ ಬರುತ್ತದೆ.

ನಿಮ್ಮ ಲೆಕ್ಕದಲ್ಲಿ ನನಗೆ ಖುಷಿ ಕೊಟ್ಟದ್ದು ಆ 7. ಅದು ಈ ವಾರವೇ ಅರ್ಧ ಆಗಬಹುದು. ಪ್ರತಿ ಉತ್ತರಕ್ಕೂ ಪ್ಯಾಸೇಜ್‌ನಲ್ಲಿ ಸಾಲು ಹುಡುಕಿ ಗೆರೆ ಹಾಕಿ, ಪ್ರಶ್ನೆಯ ನಂಬರ್ ಪಕ್ಕದಲ್ಲಿ ಬರೆಯಲಿ. ಗೆರೆ ಸಿಗದಿದ್ದರೆ ಉತ್ತರ ಹಾಕುವ ಹಾಗಿಲ್ಲ. ಮೊದಲೆರಡು ದಿನ ನಿಧಾನ ಆಗುತ್ತದೆ, ಬೈಯಬೇಡಿ. ಆ 8ಕ್ಕೆ ಚೀಟಿ ಮತ್ತು ಕತ್ತರಿ, ದಿನಕ್ಕೆ ಎರಡೇ ವಾಕ್ಯ.

ಪರೀಕ್ಷೆಗೆ ಮುಂಚಿನ ಭಾನುವಾರ ಹೊಸ ಪೇಪರ್ ಕೊಡಬೇಡಿ. ತಪ್ಪು ಪುಸ್ತಕದ ಕಾರಣಗಳನ್ನು ಓದಿಕೊಳ್ಳಲಿ, ಒಂದು ಪತ್ರ ಬರೆಯಲಿ, ಸಾಕು. 2ಬಿ ಪೆನ್ಸಿಲ್ ಎರಡು, 0.5ರ ಕಪ್ಪು ಪೆನ್ ಮೂರು ತೆಗೆದಿಡಿ. ಹೊಸ ಪೆನ್ ಇದ್ದರೆ ಹಿಂದಿನ ದಿನವೇ ಒಂದು ಪುಟ ಬರೆದು ನೋಡಲಿ. ಮತ್ತೆ ಆ ವಾರ ಹನ್ನೊಂದು ಗಂಟೆಗೆ ದೀಪ ಆರಿಸಿಬಿಡಿ ಅಕ್ಕಾ, ಅವಳು ಬೇಡ ಅಂದರೂ.