ಪದಚರ್ಚೆ: ‘ತುಂಬುಬೆಳಕು’, ‘ಶಕ್ತಿಸಂಖ್ಯೆ’, ‘ಹಿಂಪರದೆ’ – ಫ್ಲ್ಯಾಶ್ ಕಲಿಯುವವರಿಗೆ ಈ ಪದಗಳು ಸರಿಯೇ?

ಪ್ರಶ್ನೆ

ನಮಸ್ಕಾರ. ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಳಸುವುದನ್ನು ಕಲಿಸುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಓದುವವರು ಹೆಚ್ಚಾಗಿ ಸ್ಟುಡಿಯೋಗಳಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು. ಕರಡಿನಲ್ಲಿ ಫಿಲ್ ಫ್ಲ್ಯಾಶ್‌ಗೆ ‘ತುಂಬುಬೆಳಕು’, ಗೈಡ್ ನಂಬರ್‌ಗೆ ‘ಶಕ್ತಿಸಂಖ್ಯೆ’, ಸಿಂಕ್ ಸ್ಪೀಡ್‌ಗೆ ‘ಹೊಂದಾಣಿಕೆ ವೇಗ’, ರಿಯರ್ ಕರ್ಟನ್‌ಗೆ ‘ಹಿಂಪರದೆ’ ಎಂದು ಬಳಸಲಾಗಿದೆ. ಈ ಪದ ಓದಿದ ಹುಡುಗ ಕ್ಯಾಮರಾ ಹಿಡಿದಾಗ ಸರಿಯಾದದ್ದನ್ನೇ ಮಾಡುತ್ತಾನೆಯೇ, ತಪ್ಪು ಮಾಡುತ್ತಾನೆಯೇ? ಕೆಲಸ ಬಲ್ಲವರು ತಿಳಿಸಬೇಕು.

ಉತ್ತರ 1

‘ತುಂಬುಬೆಳಕು’ ದಯವಿಟ್ಟು ಬೇಡ. ತುಂಬು ಗರ್ಭಿಣಿ, ತುಂಬು ಸಂಸಾರ, ತುಂಬುಹೊಳೆ ಎನ್ನುವಾಗ ‘ತುಂಬು’ ಎಂದರೆ ಪೂರ್ತಿ, ಭರ್ತಿ. ‘ತುಂಬುಬೆಳಕು ಕೊಡಿ’ ಎಂದು ಓದಿದವನು ಫ್ಲ್ಯಾಶನ್ನು ಪೂರ್ತಿ ಶಕ್ತಿಗೆ ಇಡುತ್ತಾನೆ. ಮುಖ್ಯ ಬೆಳಕಿನ ನೆರಳನ್ನು ತಿಳಿಯಾಗಿಸುವ ಫಿಲ್ ಫ್ಲ್ಯಾಶ್‌ನಲ್ಲಿ ಮಾಡಬೇಕಾದದ್ದು ಅದರ ಉಲ್ಟಾ.

ಲೆಕ್ಕ ಹಾಕಿ ನೋಡೋಣ. ನಡುಹಗಲು, ನೆತ್ತಿಯ ಮೇಲೆ ಬಿಸಿಲು, ಕಣ್ಣಿನ ಗುಳಿಯಲ್ಲೂ ಮೂಗಿನ ಕೆಳಗೂ ಕಪ್ಪು ನೆರಳು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100ರಲ್ಲಿ ಅಂಥ ಬಿಸಿಲಿಗೆ ಶಟರ್ 1/250 ಸೆಕೆಂಡು, ಲೆನ್ಸಿನ ತೆರಪು ಎಫ್/11 ಸರಿಹೊಂದುತ್ತದೆ. ವ್ಯಕ್ತಿ 2 ಮೀಟರ್ ದೂರದಲ್ಲಿದ್ದಾರೆ. ಕೈಯಲ್ಲಿರುವುದು ಗೈಡ್ ನಂಬರ್ (ದೂರ ಗುಣಿಸು ಎಫ್ ಸಂಖ್ಯೆ) 32ರ ಫ್ಲ್ಯಾಶ್. ಅದನ್ನು ಪೂರ್ತಿ ಹೊಡೆದರೆ 32ನ್ನು 2ರಿಂದ ಭಾಗಿಸಿ ಎಫ್/16 ಬರುತ್ತದೆ, ಅಂದರೆ ನಾವು ಇಟ್ಟಿರುವ ಎಫ್/11ಕ್ಕೆ ಫ್ಲ್ಯಾಶ್ ಒಂದು ಸ್ಟಾಪ್, ಎಂದರೆ ಎರಡು ಪಟ್ಟು, ಹೆಚ್ಚಾಯಿತು. ಅದರ ಮೇಲೆ ಬಿಸಿಲೂ ಇದೆ. ಹಣೆ, ಕೆನ್ನೆ ಬೆಳ್ಳಗೆ ಸುಟ್ಟುಹೋಗುತ್ತವೆ. ಬೇಕಾದದ್ದು ಬಿಸಿಲಿಗಿಂತ ಒಂದು ಸ್ಟಾಪ್ ಕಡಿಮೆ ಬೆಳಕು. ಎಫ್/11 ಗುಣಿಸು 2 ಮೀಟರ್ ಅಂದರೆ 22. ಒಂದು ಸ್ಟಾಪ್ ಇಳಿಸಲು 1.4ರಿಂದ ಭಾಗಿಸಿದರೆ ಸುಮಾರು 16. ನಮ್ಮ ಫ್ಲ್ಯಾಶ್‌ನ 32 ಅರ್ಧವಾಗಿ 16 ಆಗುವುದು 1/4 ಶಕ್ತಿಯಲ್ಲಿ. ನೆರಳು ಪೂರ್ತಿ ಅಳಿಯುವುದಿಲ್ಲ, ತಿಳಿಯಾಗುತ್ತದೆ. ಟಿಟಿಎಲ್‌ನಲ್ಲಿ (ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಕ್ಯಾಮರಾವೇ ಫ್ಲ್ಯಾಶ್‌ನ ಶಕ್ತಿ ನಿರ್ಧರಿಸುವ ವಿಧಾನ) ತೆಗೆಯುವವರು ಫ್ಲ್ಯಾಶ್ ಕಾಂಪೆನ್ಸೇಷನ್ಅನ್ನು ಮೈನಸ್ 1ರಿಂದ ಮೈನಸ್ 2ರ ನಡುವೆ ಇಟ್ಟರೆ ಇದೇ ಕೆಲಸ ಆಗುತ್ತದೆ.

ಹಾಗಾಗಿ ನನ್ನ ಸಲಹೆ ‘ಒತ್ತಾಸೆ ಬೆಳಕು’. ಒತ್ತಾಸೆಯಾಗಿ ನಿಲ್ಲುವವರು ಮುಂದಾಳಾಗುವುದಿಲ್ಲ. ಮುಖ್ಯ ಬೆಳಕು ಬೇರೆ ಇದೆ, ಇದು ಅದಕ್ಕೆ ಬೆಂಬಲ ಎಂಬ ಅರ್ಥ ಪದದಲ್ಲೇ ಬಂತು.

‘ಶಕ್ತಿಸಂಖ್ಯೆ’ ಇನ್ನೂ ದೊಡ್ಡ ತಪ್ಪು ಮಾಡಿಸುತ್ತದೆ. ಗೈಡ್ ನಂಬರ್ ಎಂದರೆ ದೂರವನ್ನು ಎಫ್ ಸಂಖ್ಯೆಯಿಂದ ಗುಣಿಸಿದ ಗುಣಲಬ್ಧ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುವುದರಿಂದ ಶಕ್ತಿ ಎರಡು ಪಟ್ಟಾದರೆ ಈ ಸಂಖ್ಯೆ 1.4 ಪಟ್ಟು ಮಾತ್ರ ಏರುತ್ತದೆ. ಗೈಡ್ ನಂಬರ್ 20 ಇದ್ದದ್ದು 40 ಆಗಬೇಕಾದರೆ ಶಕ್ತಿ ನಾಲ್ಕು ಪಟ್ಟು ಬೇಕು. ‘ಶಕ್ತಿಸಂಖ್ಯೆ 40’ ಎಂದು ಓದಿದವನು 20ರ ಫ್ಲ್ಯಾಶ್ ಎರಡು ಜೋಡಿಸಿದರೆ ಸಾಕು ಎಂದುಕೊಳ್ಳುತ್ತಾನೆ. ಎರಡು ಸೇರಿ ಆಗುವುದು 28.

ಇನ್ನೊಂದು ತೊಡಕಿದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 60 ಎಂದಿರುತ್ತದೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘200 ಮಿ.ಮೀ. ಜೂಮ್, ಐಎಸ್‌ಒ 100, ಮೀಟರ್’. ಅದೇ ಫ್ಲ್ಯಾಶ್‌ನ ತಲೆಯನ್ನು 35 ಮಿ.ಮೀ.ಗೆ ಅಗಲಿಸಿದರೆ ಗೈಡ್ ನಂಬರ್ 36ರ ಆಸುಪಾಸಿಗೆ ಬೀಳುತ್ತದೆ. ಒಳಗಿನ ಶಕ್ತಿ ಒಂದಿಷ್ಟೂ ಬದಲಾಗಿಲ್ಲ, ಬೆಳಕು ಹರಡಿಕೊಂಡಿತು ಅಷ್ಟೆ. ಎರಡು ಕಂಪನಿಯ ಫ್ಲ್ಯಾಶ್‌ಗಳನ್ನು ಹೋಲಿಸುವಾಗ ಜೂಮ್ ಒಂದೇ ಇದೆಯೇ, ಲೆಕ್ಕ ಅಡಿಯಲ್ಲೋ ಮೀಟರಿನಲ್ಲೋ ಎಂದು ನೋಡದಿದ್ದರೆ ದುಡ್ಡು ದಂಡ. ಮೀಟರಿನ 40 ಅಡಿಯ ಲೆಕ್ಕದಲ್ಲಿ 131 ಆಗುತ್ತದೆ.

ಕನ್ನಡ ಪದವೇ ಬೇಕಾದರೆ ‘ನಿಲುಕು ಸಂಖ್ಯೆ’ ಎನ್ನಬಹುದು. ಎಫ್/1 ಇಟ್ಟರೆ ಬೆಳಕು ಎಷ್ಟು ಮೀಟರ್‌ವರೆಗೆ ನಿಲುಕುತ್ತದೆಯೋ ಅದೇ ಈ ಸಂಖ್ಯೆ. ಐಎಸ್‌ಒ 400ಕ್ಕೆ ಹೋದರೆ ನಿಲುಕು ಎರಡು ಪಟ್ಟು, 200ಕ್ಕೆ ಹೋದರೆ 1.4 ಪಟ್ಟು.

ಉತ್ತರ 2

‘ನಿಲುಕು ಸಂಖ್ಯೆ’ ಚೆನ್ನಾಗಿದೆ, ಆದರೆ ಮೊದಲ ಸಲ ಬರುವಲ್ಲಿ ‘ಗೈಡ್ ನಂಬರ್’ ಎಂದೂ ಇರಲೇಬೇಕು. ಹುಡುಗ ಅಂಗಡಿಗೆ ಹೋಗಿ ಕೇಳುವುದು ಅದನ್ನೇ, ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದೂ ಅದೇ. ಕ್ಯಾಮರಾದ ಮೆನುವಿನಲ್ಲಿ, ಗುಂಡಿಯ ಪಕ್ಕದಲ್ಲಿ ಏನು ಬರೆದಿದೆಯೋ ಅದನ್ನು ಹಾಗೇ ಕೊಟ್ಟು, ಬೆಳಕು ಏನು ಮಾಡುತ್ತದೆ ಎಂಬುದಕ್ಕೆ ಕನ್ನಡದ ಪದ ಹುಡುಕುವುದು ನನಗೆ ಸರಿ ಕಾಣುತ್ತದೆ.

‘ಹೊಂದಾಣಿಕೆ ವೇಗ’ದಲ್ಲಿ ‘ವೇಗ’ವೇ ತೊಂದರೆ. ಫ್ಲ್ಯಾಶ್ ಹಾಕಿದಾಗಲೆಲ್ಲ ಶಟರನ್ನು ಅದೇ ಅಂಕಿಗೆ ಇಡಬೇಕು ಎಂದು ಕಲಿಯುವವರು ತಿಳಿಯುತ್ತಾರೆ. ಅದು ಮೇಲಿನ ಮಿತಿ. ಕ್ಯಾಮರಾದ ಸಿಂಕ್ 1/200 ಇದ್ದರೆ 1/125, 1/60, 1/15 ಎಲ್ಲವೂ ನಡೆಯುತ್ತವೆ, 1/320 ನಡೆಯುವುದಿಲ್ಲ. ‘ಸಿಂಕ್ ಮಿತಿ’ ಎನ್ನಿ.

ಕಾರಣವನ್ನೂ ಕೈಪಿಡಿಯಲ್ಲಿ ಬಿಡಿಸಿ ಬರೆಯಿರಿ. ಶಟರ್‌ನಲ್ಲಿ ಎರಡು ಪರದೆಗಳಿವೆ. ಮೊದಲನೆಯದು ಸರಿದು ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಸಿಂಕ್ ಮಿತಿಯವರೆಗೆ ಒಂದು ಗಳಿಗೆಯಾದರೂ ಸೆನ್ಸರ್ ಪೂರ್ತಿ ತೆರೆದಿರುತ್ತದೆ, ಫ್ಲ್ಯಾಶ್ ಹೊಡೆಯುವುದು ಆಗಲೇ. ಮಿತಿ ದಾಟಿದರೆ ಮೊದಲ ಪರದೆ ಕೊನೆ ಮುಟ್ಟುವ ಮೊದಲೇ ಎರಡನೆಯದು ಹೊರಟಿರುತ್ತದೆ, ನಡುವೆ ಒಂದು ಸೀಳು ಮಾತ್ರ ಚಲಿಸುತ್ತದೆ. ಪೂರ್ತಿ ಶಕ್ತಿಯಲ್ಲೂ ಫ್ಲ್ಯಾಶ್‌ನ ಬೆಳಕು ಇರುವುದು ಸುಮಾರು 1/1000 ಸೆಕೆಂಡು. ಅಷ್ಟರಲ್ಲಿ ಮುಚ್ಚಿಹೋದ ಭಾಗಕ್ಕೆ ಬೆಳಕು ಸಿಗದೆ ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಡಿಎಸ್‌ಎಲ್‌ಆರ್‌ಗಳಲ್ಲಿ ಪರದೆ ಮೇಲಿಂದ ಕೆಳಕ್ಕೆ ಓಡುವುದರಿಂದ, ಅಡ್ಡ ಹಿಡಿದು ತೆಗೆದ ಚಿತ್ರದಲ್ಲಿ ಪಟ್ಟಿ ಸಾಮಾನ್ಯವಾಗಿ ಕೆಳಗಡೆ ಕಾಣುತ್ತದೆ. ಬಟ್ಟೆಯ ಪರದೆ ಅಡ್ಡಡ್ಡ ಓಡುವ ಹಳೆಯ ಕ್ಯಾಮರಾಗಳಲ್ಲಿ ಪಟ್ಟಿ ಉದ್ದಕ್ಕೆ ನಿಲ್ಲುತ್ತದೆ. ಪೆಂಟಾಕ್ಸ್ ಕೆ1000ರಲ್ಲಿ ಮಿತಿ 1/60 ಮಾತ್ರ. ಫ್ಲ್ಯಾಶನ್ನು ತಂತಿಯಿಲ್ಲದೆ ಹೊಡೆಸುವ ಅಗ್ಗದ ರೇಡಿಯೋ ಟ್ರಿಗರ್ ಹಾಕಿದಾಗ ಸಂಕೇತ ತಲುಪುವುದು ಚೂರು ತಡವಾಗಿ 1/200ರಲ್ಲೇ ತೆಳು ಪಟ್ಟಿ ಬರುವುದುಂಟು. 1/160ಕ್ಕೆ ಇಳಿಸಿದರೆ ಹೋಗುತ್ತದೆ. ಕ್ಯಾಮರಾ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವ ಮೊದಲು ಇದನ್ನು ನೋಡಬೇಕು.

ಹೈ ಸ್ಪೀಡ್ ಸಿಂಕ್‌ಗೆ ಅಡಿಟಿಪ್ಪಣಿ ಬೇಕು. ಅದರಲ್ಲಿ ಫ್ಲ್ಯಾಶ್ ಒಮ್ಮೆ ಹೊಡೆಯುವ ಬದಲು, ಸೀಳು ದಾಟುವಷ್ಟೂ ಹೊತ್ತು ಬಿಟ್ಟುಬಿಟ್ಟು ಮಿನುಗುತ್ತದೆ. ಬಿಸಿಲಲ್ಲಿ ಎಫ್/2.8 ಬೇಕೆಂದು 1/4000ಕ್ಕೆ ಹೋದಾಗ ಇದೇ ದಾರಿ. ಬೆಳಕು ಮಾತ್ರ ಬಹಳ ಕುಗ್ಗುತ್ತದೆ, ಫ್ಲ್ಯಾಶನ್ನು ಹತ್ತಿರ ತರಬೇಕಾಗುತ್ತದೆ.

‘ಹಿಂಪರದೆ’ ಎಂದರೆ ಸ್ಟುಡಿಯೋದವರು ಗೋಡೆಗೆ ಇಳಿಬಿಟ್ಟ ಬಣ್ಣದ ಪರದೆಯನ್ನೇ ನೋಡುತ್ತಾರೆ. ಕ್ಯಾನನ್‌ನವರು ‘ಸೆಕೆಂಡ್ ಕರ್ಟನ್’ ಎನ್ನುತ್ತಾರೆ, ನಿಕಾನ್‌ನವರು ‘ರಿಯರ್ ಕರ್ಟನ್’. ಕನ್ನಡಕ್ಕೆ ಮೊದಲಿನದೇ ಸಲೀಸು: ‘ಎರಡನೇ ಪರದೆ’. ಉದಾಹರಣೆಗೆ ದೀಪಾವಳಿಯ ಸುರುಸುರುಬತ್ತಿಯನ್ನು ಕೊಡಿ. ಮಗು ಕತ್ತಲಲ್ಲಿ ಸುರುಸುರುಬತ್ತಿ ಹಿಡಿದು ಓಡುತ್ತಿದೆ. ಐಎಸ್‌ಒ 100, ಎಫ್/8, 1 ಸೆಕೆಂಡು. ಮೊದಲ ಪರದೆಗೆ ಫ್ಲ್ಯಾಶ್ ಹೊಡೆದರೆ ಮಗುವಿನ ರೂಪ ಶುರುವಿನಲ್ಲೇ ಅಚ್ಚಾಗಿ, ಆಮೇಲಿನ ಬೆಳಕಿನ ಗೆರೆ ಅದರ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮಗು ಹಿಂದಕ್ಕೆ ಓಡುತ್ತಿರುವಂತೆ ಕಾಣುತ್ತದೆ. ಎರಡನೇ ಪರದೆಗೆ ಇಟ್ಟರೆ ಗೆರೆ ಮೊದಲು, ಮಗು ಕೊನೆಗೆ. ಕಿಡಿಯ ಬಾಲ ಬೆನ್ನ ಹಿಂದೆ ಉಳಿಯುತ್ತದೆ. ಮಂಟಪದೊಳಗೆ 1/125ರಲ್ಲಿ ತೆಗೆಯುವಾಗ ಇವೆರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ ಎಂಬುದನ್ನೂ ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ‘ಒತ್ತಾಸೆ ಬೆಳಕು’, ‘ಸಿಂಕ್ ಮಿತಿ’, ‘ಎರಡನೇ ಪರದೆ’ ಕರಡಿಗೆ ಸೇರಿಸಿದ್ದೇನೆ. ಇನ್ನೂ ಮೂರು ಉಳಿದಿವೆ. ಬೌನ್ಸ್‌ಗೆ ‘ಪ್ರತಿಫಲನ’, ರೀಸೈಕಲ್ ಟೈಮ್‌ಗೆ ‘ಮರುಚಾರ್ಜ್ ಸಮಯ’, ಇನ್ನೊಂದು ಫ್ಲ್ಯಾಶ್‌ನ ಬೆಳಕು ಕಂಡು ತಾನೂ ಹೊಡೆಯುವ ಸ್ಲೇವ್‌ಗೆ ‘ದಾಸ ಫ್ಲ್ಯಾಶ್’ ಎಂದಿದೆ. ಜೊತೆಗೆ, ಪ್ರತಿ ಸಲವೂ ‘ಎಲೆಕ್ಟ್ರಾನಿಕ್’ ಎಂದು ಸೇರಿಸಬೇಕೇ?

ಉತ್ತರ 3

ಕೊನೆಯದಕ್ಕೆ ಮೊದಲು. ಒಂದು ಸಲ ಉರಿದು ಮುಗಿಯುವ ಫ್ಲ್ಯಾಶ್ ಬಲ್ಬುಗಳು ಚಾಲ್ತಿಯಲ್ಲಿದ್ದಾಗ, ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಜೆನಾನ್ ಅನಿಲದ ಕೊಳವೆಯ ಮೂಲಕ ಹರಿಸುವ ಹೊಸ ಬಗೆಯನ್ನು ಬೇರೆಯಾಗಿ ತೋರಿಸಲು ‘ಎಲೆಕ್ಟ್ರಾನಿಕ್’ ಬೇಕಿತ್ತು. ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ 1931ರ ಹೊತ್ತಿಗೆ ಇದನ್ನು ಬಳಕೆಗೆ ತಂದರು. ಈಗ ಬರೀ ‘ಫ್ಲ್ಯಾಶ್’ ಸಾಕು. ಒಂದು ಕಡೆ ಮಾತ್ರ ವ್ಯತ್ಯಾಸ ಹೇಳಲೇಬೇಕು: ಹಳೆಯ ಕ್ಯಾಮರಾಗಳಲ್ಲಿ ಎಂ, ಎಕ್ಸ್ ಎಂಬ ಎರಡು ಗುರುತುಗಳಿರುತ್ತವೆ. ಎಂ ಇರುವುದು ಬಲ್ಬಿಗೆ. ಬಲ್ಬು ಪೂರ್ತಿ ಉರಿಯಲು ಸುಮಾರು 20 ಮಿಲಿಸೆಕೆಂಡು ಬೇಕಾದ್ದರಿಂದ ಶಟರ್ ತೆರೆಯುವ ಮೊದಲೇ ಅದಕ್ಕೆ ಸಂಪರ್ಕ ಸಿಗುತ್ತದೆ. ಅಲ್ಲಿಗೆ ಎಲೆಕ್ಟ್ರಾನಿಕ್ ಫ್ಲ್ಯಾಶ್ ಸಿಕ್ಕಿಸಿದರೆ ಶಟರ್ ತೆರೆಯುವಷ್ಟರಲ್ಲಿ ಬೆಳಕು ಮುಗಿದಿರುತ್ತದೆ. ಇದಕ್ಕೆ ಎಕ್ಸ್ ಗುರುತೇ ಬೇಕು.

ಬೌನ್ಸ್‌ಗೆ ‘ಪುಟಿಸು’ ಇದೆಯಲ್ಲ? ಚೆಂಡನ್ನು ಗೋಡೆಗೆ ಪುಟಿಸಿದ ಹಾಗೆ ಬೆಳಕನ್ನು ಸೂರಿಗೆ ಪುಟಿಸುವುದು. ‘ಪ್ರತಿಫಲನ’ ಎಂದಾಗ ಕನ್ನಡಿ ನೆನಪಾಗುತ್ತದೆ. ಇಲ್ಲಿ ಬೇಕಾದದ್ದು ಕನ್ನಡಿಯಂಥ ಮೈ ಅಲ್ಲ, ಹೊಳಪಿಲ್ಲದ ಬಿಳಿ ಸುಣ್ಣದ ಮೈ. ಬೆಳಕು ಅಲ್ಲಿ ಚದುರಿ, ಇಡೀ ಸೂರೇ ದೀಪವಾಗಿ, ನೆರಳಿನ ಅಂಚು ಮೆತ್ತಗಾಗುತ್ತದೆ.

ಪುಟಿಸುವ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ವ್ಯಕ್ತಿ ಎಷ್ಟು ದೂರವಿದ್ದಾರೆ ಎಂಬುದನ್ನಲ್ಲ, ಬೆಳಕು ಸಾಗಿದ ಒಟ್ಟು ದಾರಿಯನ್ನು ಅಳೆಯಬೇಕು. ಹತ್ತಡಿ ಎತ್ತರದ ಸೂರು, ಫ್ಲ್ಯಾಶ್ 1.5 ಮೀಟರ್ ಎತ್ತರದಲ್ಲಿ, ವ್ಯಕ್ತಿ ಮೂರೂವರೆ ಮೀಟರ್ ಆಚೆ. ಮೇಲೆ ಹೋಗಿ ಕೆಳಗೆ ಬರುವ ದಾರಿ ಸುಮಾರು ನಾಲ್ಕೂವರೆ ಮೀಟರ್. ಫ್ಲ್ಯಾಶ್‌ನ ನಿಲುಕು 35 ಮಿ.ಮೀ.ಗೆ 36 ಇದ್ದರೆ ಐಎಸ್‌ಒ 400ರಲ್ಲಿ ಅದು 72. ಭಾಗಿಸಿದರೆ ಎಫ್/16. ಸೂರು ಹೀರಿಕೊಂಡು ಚದುರಿಸುವುದಕ್ಕೆ ಎರಡು ಸ್ಟಾಪ್ ಕಳೆಯಿರಿ: ಎಫ್/8, ಅದೂ ಪೂರ್ತಿ ಶಕ್ತಿಯಲ್ಲಿ. ಎಫ್/4ಕ್ಕೆ ತೆರೆದರೆ 1/4 ಶಕ್ತಿ ಸಾಕು, ಸೆಲ್ಲೂ ಉಳಿಯುತ್ತದೆ. ಇದು ಬಿಳಿ ಸೂರಿನ ಮಾತು. ಹೆಂಚಿನ ಮಾಡು ಬೆಳಕನ್ನು ನುಂಗಿಬಿಡುತ್ತದೆ. ಕೆಂಪು, ಹಳದಿ ಶಾಮಿಯಾನಕ್ಕೆ ಪುಟಿಸಿದರೆ ವಧೂವರರ ಮುಖಕ್ಕೆ ಅದೇ ಬಣ್ಣ ಬಳಿದಂತಾಗುತ್ತದೆ. ಹಿನ್ನೆಲೆಯ ಬೆಳಕು ಬೇರೆ ಬಣ್ಣದ್ದಾದ್ದರಿಂದ ಆಮೇಲೆ ಕಂಪ್ಯೂಟರಿನಲ್ಲಿ ವೈಟ್ ಬ್ಯಾಲೆನ್ಸ್ ತಿದ್ದಿದರೂ ಎರಡೂ ಒಟ್ಟಿಗೆ ಸರಿಹೋಗುವುದಿಲ್ಲ. ಅಲ್ಲಿ ಪಕ್ಕದಲ್ಲಿ ಒಬ್ಬರು ಬಿಳಿ ಥರ್ಮಾಕೋಲ್ ಹಾಳೆ ಹಿಡಿದು ನಿಂತರೆ ಅದಕ್ಕೆ ಪುಟಿಸಬಹುದು. ವ್ಯಕ್ತಿಯ ನೆತ್ತಿಯ ಮೇಲೆಯೇ ಬೆಳಕು ಪುಟಿಯುವಂತೆ ಫ್ಲ್ಯಾಶ್‌ನ ತಲೆ ತಿರುಗಿಸಿದರೆ ಕಣ್ಣಿನ ಗುಳಿ ಮತ್ತೆ ಕಪ್ಪಾಗುತ್ತದೆ. ಸ್ವಲ್ಪ ಮುಂದೆ, ಅಥವಾ ಪಕ್ಕದ ಗೋಡೆಗೆ ತಿರುಗಿಸಬೇಕು.

‘ಮರುಚಾರ್ಜ್’ ಎಂದರೆ ಎಲ್ಲರೂ ಸೆಲ್ಲನ್ನು ಚಾರ್ಜರಿಗೆ ಹಾಕುವುದನ್ನೇ ನೆನೆಯುತ್ತಾರೆ. ಇಲ್ಲಿ ತುಂಬಿಕೊಳ್ಳುವುದು ಸೆಲ್ಲಲ್ಲ, ಕೆಪಾಸಿಟರ್; ಸೆಲ್ಲಿನ ವಿದ್ಯುತ್ತು ಸುಮಾರು 300 ವೋಲ್ಟಿಗೆ ಏರಿ ಅದರಲ್ಲಿ ಸೇರುತ್ತದೆ. ‘ತುಂಬಿಕೊಳ್ಳುವ ಹೊತ್ತು’ ಎಂದರೆ ಸ್ಪಷ್ಟ. ಎಷ್ಟೋ ಫ್ಲ್ಯಾಶ್‌ಗಳಲ್ಲಿ ರೆಡಿ ದೀಪ ಕೆಪಾಸಿಟರ್ ಪೂರ್ತಿ ತುಂಬುವ ಮೊದಲೇ ಹೊತ್ತಿಕೊಳ್ಳುತ್ತದೆ. ಪೂರ್ತಿ ಶಕ್ತಿಯಲ್ಲಿ ತೆಗೆಯುವಾಗ ದೀಪ ಹೊತ್ತಿದ ಮೇಲೆ ಒಂದೆರಡು ಸೆಕೆಂಡು ತಡೆಯದಿದ್ದರೆ, ಒಂದೇ ಸೆಟ್ಟಿಂಗ್‌ನ ಹತ್ತು ಚಿತ್ರಗಳಲ್ಲಿ ನಾಲ್ಕು ಮಂಕಾಗಿ ಬರುತ್ತವೆ. ಆಲ್ಕಲೈನ್ ಸೆಲ್ಲಿಗಿಂತ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಬೇಗ ತುಂಬಿಸುತ್ತದೆ. ಬರೆದಿರುವ ವೋಲ್ಟೇಜ್ 1.5ರ ಬದಲು 1.2 ಇದ್ದರೂ ಒಳರೋಧ ಕಡಿಮೆ. ವರ್ಷಗಟ್ಟಲೆ ಸುಮ್ಮನಿಟ್ಟ ಫ್ಲ್ಯಾಶ್ ಮೊದಲ ಸಲ ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ತಿಂಗಳಿಗೊಮ್ಮೆ ತೆಗೆದು ನಾಲ್ಕಾರು ಸಲ ಹೊಡೆದಿಡುವುದು ಒಳ್ಳೆಯದು. ಇನ್ನು ಮುಖ್ಯವಾದದ್ದು: ಸೆಲ್ ತೆಗೆದರೂ ಕೆಪಾಸಿಟರ್‌ನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಕಲಿಯುವವರು ಫ್ಲ್ಯಾಶ್ ಬಿಚ್ಚಲೇಬಾರದು ಎಂದು ದಪ್ಪಕ್ಷರದಲ್ಲಿ ಹಾಕಿ.

‘ದಾಸ’ ಬೇಡ. ಹೊಸ ಕ್ಯಾಮರಾಗಳ ಕೈಪಿಡಿಗಳಲ್ಲೇ ‘ಸೆಂಡರ್’, ‘ರಿಸೀವರ್’ ಎಂಬ ಪದಗಳು ಬರುತ್ತಿವೆ. ನಮಗೆ ‘ಮುಖ್ಯ ಫ್ಲ್ಯಾಶ್’, ‘ಜೊತೆ ಫ್ಲ್ಯಾಶ್’ ಸಾಕು. ಜೊತೆ ಫ್ಲ್ಯಾಶ್‌ನ ಮೇಲೆ ಎಸ್1, ಎಸ್2 ಎಂಬ ಎರಡು ಆಯ್ಕೆ ಇರುವುದನ್ನು ವಿವರಿಸಿ. ಟಿಟಿಎಲ್‌ನಲ್ಲಿ ಮುಖ್ಯ ಫ್ಲ್ಯಾಶ್ ಚಿತ್ರಕ್ಕೆ ಮೊದಲು ಅಳತೆಗಾಗಿ ಒಂದು ಸಣ್ಣ ಬೆಳಕು ಹಾಯಿಸುತ್ತದೆ. ಇದಕ್ಕೆ ‘ಅಳತೆ ಬೆಳಕು’ ಎನ್ನಬಹುದು. ಎಸ್1ರಲ್ಲಿರುವ ಜೊತೆ ಫ್ಲ್ಯಾಶ್ ಅದಕ್ಕೇ ಹೊಡೆದುಬಿಡುತ್ತದೆ. ಕಣ್ಣಿಗೆ ಎರಡೂ ಒಟ್ಟಿಗೆ ಹೊಡೆದಂತೆ ಕಂಡರೂ ಚಿತ್ರದಲ್ಲಿ ಜೊತೆಯದರ ಬೆಳಕು ಇರುವುದಿಲ್ಲ. ಮುಖ್ಯ ಫ್ಲ್ಯಾಶ್ ಮ್ಯಾನುಯಲ್‌ನಲ್ಲಿದ್ದರೆ ಎಸ್1, ಟಿಟಿಎಲ್‌ನಲ್ಲಿದ್ದರೆ ಅಳತೆ ಬೆಳಕನ್ನು ಎಣಿಸಿ ಬಿಟ್ಟುಬಿಡುವ ಎಸ್2. ಕೆಂಗಣ್ಣು ತಡೆಯುವ ಆಯ್ಕೆ ಆನ್ ಆಗಿದ್ದರೆ ಮುಂಚಿತವಾಗಿ ಇನ್ನೂ ಕೆಲವು ಬೆಳಕುಗಳು ಬರುವುದರಿಂದ ಎಸ್2 ಕೂಡ ಎಣಿಕೆ ತಪ್ಪುತ್ತದೆ, ಅದನ್ನು ಆಫ್ ಮಾಡಿಸಿ.