ತಾರಸಿಯಿಂದ ತೆಗೆದ ಸೂರ್ಯನ ಚಿತ್ರ ಮಸುಕಾಗುವುದೇಕೆ?

ಬೆಣ್ಣೆನಗರಿ, ದಾವಣಗೆರೆ

ಬಲ್ಲವರಲ್ಲಿ ಒಂದು ವಿನಂತಿ. ನಾನು ದಾವಣಗೆರೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ರಾತ್ರಿಯ ಆಕಾಶದ ಚಿತ್ರ ತೆಗೆಯುವ ಹವ್ಯಾಸ ಕೆಲವು ವರ್ಷಗಳಿಂದ ಇತ್ತು. ಸೂರ್ಯನ ಕಡೆಗೆ ತಿರುಗಿದ್ದು 2024ರ ಮೇ ತಿಂಗಳಲ್ಲಿ. ಆಗ 13664 ಎಂಬ ಸಂಖ್ಯೆಯ ಕಲೆಗಳ ಗುಂಪು ಎಷ್ಟು ದೊಡ್ಡದಾಗಿ ಬೆಳೆದಿತ್ತೆಂದರೆ, ಗ್ರಹಣದ ಕನ್ನಡಕ ಹಾಕಿಕೊಂಡು ನೋಡಿದರೆ ದೂರದರ್ಶಕವಿಲ್ಲದೆಯೇ ಸೂರ್ಯನ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತಿತ್ತು. ಶಾಲೆಗೆ ರಜೆ ಇದ್ದುದರಿಂದ ಅದನ್ನು ಮಗಳಿಗೂ ಅಕ್ಕಪಕ್ಕದ ಮನೆಯ ಮಕ್ಕಳಿಗೂ ಮಾತ್ರ ತೋರಿಸಲು ಸಾಧ್ಯವಾಯಿತು. ಒಂದು ಕಲೆ ಸೂರ್ಯನ ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿನಲ್ಲಿ ಮರೆಯಾಗುವುದನ್ನು ನನ್ನ ತರಗತಿಯ ಮಕ್ಕಳು ತಾವೇ ತೆಗೆದ ಚಿತ್ರಗಳಲ್ಲಿ ಕಾಣಬೇಕೆಂಬ ಆಸೆ ಅಂದಿನಿಂದ ಮನಸ್ಸಿನಲ್ಲಿದೆ.

ನನ್ನ ಬಳಿ ಇರುವುದು 70 ಮಿಲಿಮೀಟರ್ ವ್ಯಾಸದ, 700 ಮಿಲಿಮೀಟರ್ ನಾಭಿದೂರದ ಮಸೂರ ದೂರದರ್ಶಕ, 24 ಮೆಗಾಪಿಕ್ಸೆಲ್‌ನ ಡಿಎಸ್‌ಎಲ್‌ಆರ್ ಕ್ಯಾಮೆರಾ, ಮೋಟಾರಿಲ್ಲದ ಟ್ರೈಪಾಡ್. ಮುಂಭಾಗಕ್ಕೆ ಸೌರ ಫಿಲ್ಟರ್ ಹಾಳೆಯನ್ನು ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿದ್ದೇನೆ. ಭಾನುವಾರ ಅಡುಗೆ, ಬಟ್ಟೆ ಮುಗಿಸಿ ತಾರಸಿಗೆ ಹೋಗುವಾಗ ಹನ್ನೊಂದೂವರೆ ಆಗಿರುತ್ತದೆ. ಚಿತ್ರದಲ್ಲಿ ಕಲೆಗಳು ಕಾಣುತ್ತವೆ, ಆದರೆ ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಹರಡಿಕೊಂಡಿರುತ್ತವೆ. ಕ್ಯಾಮೆರಾದ ಪರದೆಯಲ್ಲಿ ಸೂರ್ಯನ ಅಂಚು ಕುದಿಯುವ ನೀರಿನೊಳಗಿಂದ ನೋಡಿದಂತೆ ಅಲುಗುತ್ತಲೇ ಇರುತ್ತದೆ. ಫೋಕಸ್ ನೂರು ಸಲ ತಿರುಗಿಸಿ ನೋಡಿದ್ದಾಯಿತು. ಇನ್ನೂ ದೊಡ್ಡ ದೂರದರ್ಶಕ ಕೊಳ್ಳುವುದೇ ದಾರಿ ಎಂದು ಒಬ್ಬರು ಹೇಳಿದರು. ನಿಜವೇ?

ಇನ್ನೆರಡು ಸಂದೇಹಗಳಿವೆ. ದೂರದರ್ಶಕದ ಜೊತೆಗೆ ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ತಿರುಚಿ ಹಾಕುವ ಕಪ್ಪು ಗಾಜೊಂದು ಬಂದಿದೆ; ಮಕ್ಕಳಿಗೆ ನೇರವಾಗಿ ಸೂರ್ಯನನ್ನು ತೋರಿಸಲು ಅದನ್ನು ಬಳಸಬಹುದೇ? ನಕ್ಷತ್ರಗಳ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕರ್ ಒಂದನ್ನು ಹಳೆಯದಾಗಿ ಕೊಂಡಿದ್ದೇನೆ, ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಬೇಕು, ಆದರೆ ಅದು ಅಷ್ಟು ಕೆಳಕ್ಕೆ ಬಗ್ಗುತ್ತಲೇ ಇಲ್ಲ. ಇದಕ್ಕೆ ಉಪಾಯವಿದೆಯೇ?

ಕೋಟೆನಾಡು, ಚಿತ್ರದುರ್ಗ

ಮೇಡಂ, ನಮಸ್ಕಾರ. ಕಪ್ಪು ಗಾಜಿನ ಬಗ್ಗೆ ಕೇಳಿದ್ದಕ್ಕೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಮಕ್ಕಳ ಕಣ್ಣಿನ ವಿಷಯ. ಆ ಕಪ್ಪು ಗಾಜನ್ನು ಇವತ್ತೇ ಒಡೆದು ಬಿಸಾಡಿ. ಬೇರೆಯವರಿಗೂ ಕೊಡಬೇಡಿ. 70 ಮಿಲಿಮೀಟರ್ ಮಸೂರ ಒಟ್ಟುಗೂಡಿಸಿದ ಬಿಸಿಲೆಲ್ಲ ಬಂದು ಬೀಳುವುದು ಆ ಗಾಜಿನ ಹತ್ತಿರವೇ. ಅದು ಕಾದು ಯಾವ ಕ್ಷಣದಲ್ಲಾದರೂ ಸೀಳಬಹುದು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ಅಂಥದೇ ಗಾಜನ್ನು ನಂಬಿ ಸೂರ್ಯನನ್ನು ನೋಡುತ್ತಿದ್ದೆ. ಕನ್ನಡಕ ಒರೆಸಿಕೊಳ್ಳಲೆಂದು ಮುಖ ಹಿಂದಕ್ಕೆ ತೆಗೆದಿದ್ದಾಗ ಟಪ್ಪೆಂದು ಸದ್ದಾಯಿತು. ಗಾಜಿನ ನಡುವೆ ಕೂದಲೆಳೆಯಂಥ ಬಿರುಕು ಮೂಡಿತ್ತು, ಅದರ ಮೂಲಕ ಹಾದ ಬೆಳಕು ನನ್ನ ಅಂಗಿಯ ಮೇಲೆ ಬಿಳಿಯ ಗೆರೆಯಾಗಿ ಉರಿಯುತ್ತಿತ್ತು. ಈ ಮಾತಿಗೆ ಮೂವತ್ತು ವರ್ಷ ಕಳೆದಿದೆ. ಆ ಗೆರೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬಿಸಿಲನ್ನು ತಡೆಯಬೇಕಾದದ್ದು ದೂರದರ್ಶಕದ ಮುಂದುಗಡೆ, ಅದು ಮಸೂರದೊಳಗೆ ಹೋಗುವ ಮೊದಲೇ. ನೀವು ಹಾಗೆಯೇ ಮಾಡಿದ್ದೀರಿ, ಅದು ಸರಿ. ಆದರೆ ಹಾಳೆಯ ಸಾಂದ್ರತೆ, ಅಂದರೆ ಅದು ಬೆಳಕನ್ನು ಎಷ್ಟು ತಡೆಯುತ್ತದೆಂದು ಹೇಳುವ ಅಂಕಿ, ಎಷ್ಟೆಂದು ನೋಡಿಕೊಳ್ಳಿ. 5 ಎಂದಿದ್ದರೆ ಬೆಳಕಿನ ಒಂದು ಲಕ್ಷದಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ, ಕಣ್ಣಿಗೂ ಕ್ಯಾಮೆರಾಕ್ಕೂ ನಡೆಯುತ್ತದೆ. 3.8 ಎಂದಿದ್ದರೆ ಅದು ಕ್ಯಾಮೆರಾಕ್ಕೆ ಮಾತ್ರ. ಸುಮಾರು ಹದಿನಾರು ಪಟ್ಟು ಹೆಚ್ಚು ಬೆಳಕು ಬಿಡುವುದರಿಂದ ಅದರಲ್ಲಿ ಕಣ್ಣಿಟ್ಟು ನೋಡಕೂಡದು. ಪ್ರತಿ ಸಲ ಬಳಸುವ ಮೊದಲು ಹಾಳೆಯನ್ನು ಬಲ್ಬಿನ ಎದುರು ಹಿಡಿದು ಸೂಜಿಮೊನೆಯಷ್ಟು ತೂತಾದರೂ ಇದೆಯೇ ಎಂದು ಪರೀಕ್ಷಿಸಿ. ಚೌಕಟ್ಟನ್ನು ಟೇಪು ಹಾಕಿ ಕೊಳವೆಗೆ ಬಿಗಿಯಿರಿ, ಏಕೆಂದರೆ ನಮ್ಮ ಕಡೆಯ ಗಾಳಿ ರಟ್ಟನ್ನು ಹಾರಿಸಿಕೊಂಡು ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ದಿಕ್ಕು ಹಿಡಿಯುವ ಪುಟ್ಟ ದರ್ಶಕವನ್ನು ಕಳಚಿಡಿ, ಇಲ್ಲವೇ ಮುಚ್ಚಳ ಹಾಕಿ. ಸೂರ್ಯನನ್ನು ಹುಡುಕಲು ನೆಲದ ಮೇಲಿನ ಕೊಳವೆಯ ನೆರಳೇ ಸಾಕು. ನೆರಳು ಅತಿ ಚಿಕ್ಕದಾದಾಗ ಕೊಳವೆ ಸೂರ್ಯನಿಗೆ ನೇರವಾಗಿರುತ್ತದೆ.

ಈಗ ಮಸುಕಿನ ವಿಷಯ. ನಿಮ್ಮ ದೂರದರ್ಶಕದಲ್ಲಿ ದೋಷವಿಲ್ಲ ಎಂದೇ ನನಗನ್ನಿಸುತ್ತದೆ. ದೋಷವಿರುವುದು ತಾರಸಿಯಲ್ಲಿ. ಹನ್ನೊಂದೂವರೆಗೆ ದಾವಣಗೆರೆಯ ಆರ್‌ಸಿಸಿ ತಾರಸಿಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅಲ್ಲಿಂದ ಏಳುವ ಬಿಸಿ ಗಾಳಿ ಕೊಳವೆಯ ಬಾಯಿಯ ಮುಂದೆಯೇ ಹಾದುಹೋಗುತ್ತದೆ. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಸೂರ್ಯನ ಅಂಚು ಅಲುಗಿದಂತೆ ಕಾಣುತ್ತದೆ, ಕಲೆಗಳು ಕದಡುತ್ತವೆ. ಇನ್ನೂ ದೊಡ್ಡ ದೂರದರ್ಶಕ ತಂದರೆ ಈ ಕಲಕು ಮತ್ತಷ್ಟು ಎದ್ದು ಕಾಣುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. 1899ರಿಂದ ಕೆಲಸ ಮಾಡುತ್ತಿರುವ ಕೊಡೈಕನಾಲ್ ಸೌರ ವೀಕ್ಷಣಾಲಯ 1904ರಿಂದ ದಿನದಿನದ ಸೂರ್ಯನ ಚಿತ್ರಗಳನ್ನು ಕೂಡಿಡುತ್ತಾ ಬಂದಿದೆ. ಜಗತ್ತಿನ ವಿಜ್ಞಾನಿಗಳು ಇಂದಿಗೂ ಬಳಸುವ ಆ ಸಂಗ್ರಹದ ಹೆಚ್ಚಿನ ಬಿಳಿಬೆಳಕಿನ (ಯಾವ ಬಣ್ಣವನ್ನೂ ಬೇರ್ಪಡಿಸದೆ ತೆಗೆದ) ಚಿತ್ರಗಳನ್ನು ತೆಗೆದದ್ದು 15 ಸೆಂಟಿಮೀಟರ್ ಮಸೂರದಿಂದ. ಅಲ್ಲಿ ಹಿರಿದಾಗಿದ್ದದ್ದು ಬೆಟ್ಟದ ಬೆಳಗಿನ ಗಾಳಿ.

ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುವಿನ ದ್ವೀಪದಲ್ಲಿ ಕಟ್ಟಿದ್ದಾರೆ. ನೀರು ನೆಲದಂತೆ ಬೇಗ ಕಾಯುವುದಿಲ್ಲ, ಹೀಗಾಗಿ ಅದರ ಮೇಲಿನ ಗಾಳಿ ಹೆಚ್ಚು ಹೊತ್ತು ನೆಮ್ಮದಿಯಾಗಿರುತ್ತದೆ. ನಮಗೆ ದ್ವೀಪವಿಲ್ಲ, ಆದರೆ ಸೂಳೆಕೆರೆ ಇದೆ. ಅದರ ಪಶ್ಚಿಮದ ದಡದಲ್ಲಿ ನಿಂತು ನೀರಿನ ಮೇಲಿಂದ ಪೂರ್ವಕ್ಕೆ ನೋಡುತ್ತಾ, ಹೊತ್ತು ಮಾರುದ್ದ ಏರಿದ ಮೇಲೆ ತೆಗೆದ ಚಿತ್ರಗಳು ನನ್ನ ಸಂಗ್ರಹದಲ್ಲೇ ಅತ್ಯುತ್ತಮವಾದವು. ದಿನವೂ ಅಷ್ಟು ದೂರ ಹೋಗಲಾಗದು, ನಿಜ. ಶಾಲೆಯ ಮೈದಾನದಲ್ಲಿ ಹುಲ್ಲಿರುವ ಕಡೆ ನಿಲ್ಲಿ. ಭದ್ರಾ ನಾಲೆಯ ನೀರು ನಿಂತ ಗದ್ದೆಯ ಬದು ಸಿಕ್ಕಿದರೆ ಇನ್ನೂ ಒಳ್ಳೆಯದು. ಏಳೂವರೆಯಿಂದ ಒಂಬತ್ತರೊಳಗೆ ಕೆಲಸ ಮುಗಿಸಿ. ತಾರಸಿಯೇ ಗತಿ ಎಂದಾದರೆ ಟ್ರೈಪಾಡಿನ ಸುತ್ತ, ಅದರಲ್ಲೂ ಸೂರ್ಯನಿರುವ ದಿಕ್ಕಿನಲ್ಲಿ, ಒದ್ದೆ ಗೋಣಿಚೀಲಗಳನ್ನು ಹಾಸಿ. ಕೊಳವೆಯನ್ನು ಅರ್ಧ ಗಂಟೆ ಮೊದಲೇ ಹೊರಗೆ ನೆರಳಿನಲ್ಲಿಟ್ಟು, ಹೊರಗಿನ ಗಾಳಿಯ ಬಿಸುಪಿಗೆ ಹೊಂದಿಕೊಳ್ಳಲು ಬಿಡಿ.

ಮಾರಿಕಣಿವೆ, ಹಿರಿಯೂರು

ಮೇಲಿನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಬಿಸಿಲಿನಲ್ಲಿ ಕ್ಯಾಮೆರಾದ ಪರದೆ ಸರಿಯಾಗಿ ಕಾಣದೆ ಫೋಕಸ್ ತಪ್ಪುವುದು ಸಾಮಾನ್ಯ. ನಾನು ಚಳ್ಳಕೆರೆಯ ಕರಿ ಕಂಬಳಿಯನ್ನು ತಲೆಯ ಮೇಲೂ ಕ್ಯಾಮೆರಾದ ಮೇಲೂ ಹೊದ್ದು, ಪರದೆಯನ್ನು ಹತ್ತು ಪಟ್ಟು ಹಿಗ್ಗಿಸಿ, ಸೂರ್ಯನ ಅಂಚಿನ ಬದಲು ಕಲೆಯನ್ನೇ ನೋಡುತ್ತಾ ಫೋಕಸ್ ಮಾಡುತ್ತೇನೆ. ಸೆಖೆಯಾಗುತ್ತದೆ, ಆದರೆ ಕಲೆಯ ನಡುವಿನ ಕಪ್ಪೂ ಅದರ ಸುತ್ತಲಿನ ಬೂದು ಅಂಚೂ ಬೇರೆಬೇರೆಯಾಗಿ ನಿಲ್ಲುವ ಕ್ಷಣ ಕಂಬಳಿಯೊಳಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಶಟರನ್ನು ಕೈಯಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಬಳಸಿ. ಐಎಸ್ಒ 100 ಇಟ್ಟು, ಸೆಕೆಂಡಿನ ಐನೂರನೇ ಒಂದು ಭಾಗದ ಆಸುಪಾಸಿನಿಂದ ಆರಂಭಿಸಿ.

ಒಂದೇ ಚಿತ್ರವನ್ನು ನೆಚ್ಚಿಕೊಳ್ಳಬೇಡಿ. ಗಾಳಿ ಎಷ್ಟೇ ಕಲಕುತ್ತಿದ್ದರೂ ನಡುನಡುವೆ ಕ್ಷಣಮಾತ್ರ ನಿಲ್ಲುತ್ತದೆ. ಒಂದೆರಡು ನಿಮಿಷದ ವಿಡಿಯೊ ತೆಗೆದು ಆಟೋಸ್ಟಾಕರ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ, ಅದರ ಸಾವಿರಾರು ಬಿಡಿಚಿತ್ರಗಳಲ್ಲಿ ನೆಟ್ಟಗಿರುವ ನೂರಕ್ಕೆ ಹತ್ತನ್ನು ಆರಿಸಿ ಒಂದರ ಮೇಲೊಂದು ಪೇರಿಸಿಕೊಡುತ್ತದೆ. ನಿಮ್ಮ 700 ಮಿಲಿಮೀಟರ್ ನಾಭಿದೂರಕ್ಕೆ ಸೂರ್ಯನ ಬಿಂಬ ಸುಮಾರು 6.4 ಮಿಲಿಮೀಟರ್ ಆಗುತ್ತದೆ. ನಿಮ್ಮ ಕ್ಯಾಮೆರಾದ ಪೂರ್ಣ ಅಳತೆಯ ಸ್ಥಿರಚಿತ್ರದಲ್ಲಿ ಅದು ಸುಮಾರು 1,700 ಪಿಕ್ಸೆಲ್. ಅದೇ ಚಿತ್ರದಲ್ಲಿ ನಮ್ಮ ಇಡೀ ಭೂಮಿಗೆ ಬರುವುದು ಹದಿನಾರು ಪಿಕ್ಸೆಲ್. ಭೂಮಿಯಷ್ಟು ದೊಡ್ಡ ಕಲೆಯನ್ನು ಗುರುತಿಸಲು ಈ ಸಲಕರಣೆ ಧಾರಾಳವಾಗಿ ಸಾಕು.

ನಾಲೆಯ ಬದು, ದಾವಣಗೆರೆ

ಮಕ್ಕಳಿಂದ ದಿನವೂ ಚಿತ್ರ ತೆಗೆಸಬೇಕೆಂದಿದ್ದೀರಿ. ಅದರಲ್ಲಿ ನಾನು ಎಡವಿದ ಒಂದು ಕಡೆ ಇದೆ. ಹದಿಮೂರು ದಿನ ತೆಗೆದ ಚಿತ್ರಗಳನ್ನು ಸಾಲಾಗಿ ಜೋಡಿಸಿದಾಗ ಕಲೆ ನೇರವಾಗಿ ಸಾಗದೆ ಏರಿಳಿಯುತ್ತಾ ಹೋದಂತೆ ಕಂಡಿತು. ಕಾರಣ, ದಿನದಿನಕ್ಕೂ ಕ್ಯಾಮೆರಾ ಒಂದೊಂದು ಕೋನದಲ್ಲಿ ತಿರುಗಿತ್ತು; ಜೊತೆಗೆ, ನಿಮ್ಮದರಂಥ ಟ್ರೈಪಾಡಿನಲ್ಲಿ ಹೊತ್ತು ಏರಿದಂತೆ ಸೂರ್ಯನ ಬಿಂಬವೂ ತಿರುಗಿದಂತೆ ಕಾಣುತ್ತದೆ. ಪರಿಹಾರ ಸುಲಭ. ಮೋಟಾರಿಲ್ಲದಿರುವುದು ಇಲ್ಲಿ ನಿಮಗೆ ಅನುಕೂಲವೇ ಆಗಿದೆ. ದೂರದರ್ಶಕವನ್ನು ಮುಟ್ಟದೆ ಒಂದು ನಿಮಿಷದ ಅಂತರದಲ್ಲಿ ಎರಡು ಚಿತ್ರ ತೆಗೆಯಿರಿ. ಆ ಒಂದು ನಿಮಿಷದಲ್ಲಿ ಸೂರ್ಯ ತನ್ನ ವ್ಯಾಸದ ಅರ್ಧದಷ್ಟು ಸರಿದಿರುತ್ತಾನೆ. ಎರಡು ಬಿಂಬಗಳ ಕೇಂದ್ರಗಳನ್ನು ಸೇರಿಸುವ ಗೆರೆಯೇ ಪೂರ್ವ ಪಶ್ಚಿಮ, ಸರಿದ ಕಡೆ ಪಶ್ಚಿಮ. ಪ್ರತಿದಿನ ಆ ಗೆರೆಯನ್ನು ಅಡ್ಡಕ್ಕೆ ಸಮನಾಗಿ ತಿರುಗಿಸಿಟ್ಟರೆ ಅರ್ಧ ತೊಡಕು ಕಳೆಯಿತು.

ಉಳಿದರ್ಧ ಸೂರ್ಯನ ಅಕ್ಷದ ಓರೆಯದು. ಆಕಾಶದ ಉತ್ತರಕ್ಕೆ ಹೋಲಿಸಿದರೆ ಆ ಅಕ್ಷ ಏಪ್ರಿಲ್ ಮತ್ತು ಅಕ್ಟೋಬರ್ ಮೊದಲ ಭಾಗದಲ್ಲಿ ಸುಮಾರು 26 ಡಿಗ್ರಿ ವಾಲಿದಂತೆ ಕಾಣುತ್ತದೆ, ಜನವರಿ ಮತ್ತು ಜುಲೈ ಮೊದಲ ವಾರಗಳಲ್ಲಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಜುಲೈ ನಮಗೆ ಮೋಡದ ಕಾಲ. ಆದ್ದರಿಂದ ಡಿಸೆಂಬರ್ ಕೊನೆಗೆ ಶುರುಮಾಡಿ ಜನವರಿ ಎರಡನೇ ವಾರದವರೆಗೆ ತೆಗೆದರೆ, ಮಕ್ಕಳಿಗೆ ಯಾವ ಲೆಕ್ಕವನ್ನೂ ಹೇರದೆ ಕಲೆಗಳು ಸಮಭಾಜಕಕ್ಕೆ ಸಮಾನಾಂತರವಾಗಿ ಸಾಗುವುದನ್ನು ತೋರಿಸಬಹುದು. ಭೂಮಿಯಿಂದ ನೋಡಿದಾಗ ಸೂರ್ಯ ಒಂದು ಸುತ್ತು ತಿರುಗಲು ಸುಮಾರು 27 ದಿನ ಬೇಕು, ಹಾಗಾಗಿ ಒಂದು ಕಲೆ ನಮ್ಮ ಕಡೆ ಇರುವುದು ಹದಿಮೂರು ಹದಿನಾಲ್ಕು ದಿನ. ಎಷ್ಟೋ ಕಲೆಗಳು ಅಷ್ಟರೊಳಗೆ ಅಳಿಸಿಹೋಗುತ್ತವೆ, ಒಂದನ್ನೇ ನಂಬದೆ ಎಲ್ಲವನ್ನೂ ಗುರುತಿಸಿಕೊಳ್ಳಿ. ಇನ್ನೊಂದು ಮಾತು: 2019ರ ಡಿಸೆಂಬರಿನಲ್ಲಿ ಆರಂಭವಾದ ಈ 25ನೇ ಸೌರಚಕ್ರ (ಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುವ ಅವಧಿ) ತನ್ನ ಉತ್ಕರ್ಷದ ಘಟ್ಟ ತಲುಪಿದೆ ಎಂದು 2024ರ ಅಕ್ಟೋಬರಿನಲ್ಲೇ ಪ್ರಕಟಿಸಿದ್ದಾರೆ. ಮುಂದಿನ ವರ್ಷಗಳಲ್ಲಿ ಕಲೆಗಳು ವಿರಳವಾಗುತ್ತವೆ. ಬರುವ ಜನವರಿಯನ್ನು ಬಿಡಬೇಡಿ.

ಬಯಲುಸೀಮೆ, ಚಳ್ಳಕೆರೆ

ಟ್ರ್ಯಾಕರಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೆಂದರೆ, ಸರಿಸುಮಾರು ನಮ್ಮ ಅಕ್ಷಾಂಶದಷ್ಟು. ದಾವಣಗೆರೆಗೆ ಅದು ಹದಿನಾಲ್ಕೂವರೆ ಡಿಗ್ರಿ. ಈ ಉಪಕರಣಗಳಲ್ಲಿ ಅನೇಕವು ಇನ್ನೂ ಉತ್ತರದ ದೇಶಗಳ ಆಕಾಶಕ್ಕೆಂದು ರೂಪಿಸಿದವು, ಅಷ್ಟು ಕೆಳಕ್ಕೆ ಬಗ್ಗುವುದಿಲ್ಲ. ಟ್ರೈಪಾಡಿನ ಒಂದು ಕಾಲು ಉತ್ತರಕ್ಕೆ ಬರುವಂತೆ ನಿಲ್ಲಿಸಿ, ಆ ಕಾಲನ್ನು ಮಾತ್ರ ಗಿಡ್ಡ ಮಾಡಿ. ಇಡೀ ತಲೆ ಮುಂದಕ್ಕೆ ವಾಲಿ ಬೇಕಾದ ಡಿಗ್ರಿ ಸಿಗುತ್ತದೆ. ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಡುಗಂಬಕ್ಕೆ ಮರಳು ತುಂಬಿದ ಚೀಲ ತೂಗುಹಾಕಿ. ಸಪ್ತರ್ಷಿ ಮಂಡಲ ಮುಳುಗಿರುವ ತಿಂಗಳುಗಳಲ್ಲಿ ಇಂಗ್ಲಿಷಿನ ಎಂ ಅಕ್ಷರದಂತಿರುವ ಕುಂತಿ ನಕ್ಷತ್ರಪುಂಜದಿಂದ ಧ್ರುವವನ್ನು ಹುಡುಕಿಕೊಳ್ಳಿ.

ಧ್ರುವ ತಗ್ಗಿನಲ್ಲಿರುವುದಕ್ಕೆ ಬೇಸರ ಬೇಡ. ಅದೇ ಕಾರಣಕ್ಕೆ ದಕ್ಷಿಣದ ಆಕಾಶ ನಮಗೆ ತೆರೆದುಕೊಂಡಿದೆ. ಧನು ರಾಶಿಯಲ್ಲಿರುವ ಆಕಾಶಗಂಗೆಯ ಕೇಂದ್ರ ಲಂಡನ್ನಿನವರಿಗೆ ದಿಗಂತದಿಂದ ಹತ್ತು ಡಿಗ್ರಿಯೂ ಏರುವುದಿಲ್ಲ. ನಮ್ಮಲ್ಲಿ 47 ಡಿಗ್ರಿಯವರೆಗೆ ಏರುತ್ತದೆ. ಏಪ್ರಿಲ್, ಮೇ ತಿಂಗಳ ಅಮಾವಾಸ್ಯೆಯ ಆಸುಪಾಸು, ನಡುರಾತ್ರಿ ಕಳೆದ ಮೇಲೆ ಜಗಳೂರಿನಾಚೆಯ ಹೊಲಗಳಿಗೋ ಮೊಳಕಾಲ್ಮೂರಿನ ಕಡೆಗೋ ಹೋಗಿ ನೋಡಿ. ಹೊಲದವರಿಗೆ ಮೊದಲೇ ತಿಳಿಸಿ ಹೋಗಿ, ರಾತ್ರಿ ಟಾರ್ಚಿನ ಬೆಳಕು ಕಂಡರೆ ಗಾಬರಿಯಾಗುವುದು ಸಹಜ. ನಮ್ಮ ಊರಿನ ಸುತ್ತ ಇರುವ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಆವರಣದ ಬಳಿ ಕ್ಯಾಮೆರಾ ನಿಲ್ಲಿಸಬೇಡಿ. ಜೋಗಿಮಟ್ಟಿ ಮೀಸಲು ಅರಣ್ಯ, ಅನುಮತಿಯಿಲ್ಲದೆ ಹೋಗುವಂತಿಲ್ಲ.

ಬೆಣ್ಣೆನಗರಿ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ಪ್ರಯತ್ನಿಸಿದ ಮೇಲೆ ಬರೆಯುತ್ತಿದ್ದೇನೆ. ಕಪ್ಪು ಗಾಜನ್ನು ಅಂದೇ ಸುತ್ತಿಗೆಯಿಂದ ಒಡೆದೆ. ಈಗ ಶಾಲೆಯ ಗಂಟೆ ಹೊಡೆಯುವ ಮೊದಲು, ಎಂಟು ಗಂಟೆಗೆ, ಮೈದಾನದ ಬೇವಿನ ಮರದ ಪಕ್ಕದ ಹುಲ್ಲಿನ ಮೇಲೆ ಟ್ರೈಪಾಡ್ ಇಡುತ್ತೇವೆ. ಮೊದಲ ದಿನವೇ ವ್ಯತ್ಯಾಸ ಕಣ್ಣಿಗೆ ಕಂಡಿತು: ಅಂಚು ಅಲುಗುವುದು ಪೂರ್ತಿ ನಿಲ್ಲದಿದ್ದರೂ, ದೊಡ್ಡ ಕಲೆಯ ಸುತ್ತಲಿನ ಬೂದು ಉಂಗುರ ಒಂಟಿ ಚಿತ್ರದಲ್ಲೂ ಮೂಡಿತ್ತು. ಪೇರಿಸಿದ ಚಿತ್ರದಲ್ಲಿ ಅದರ ಬದಿಗೆ ಇನ್ನೂ ನಾಲ್ಕು ಚಿಕ್ಕ ಕಲೆಗಳಿದ್ದವು. ತಾರಸಿಯಿಂದ ತೆಗೆದಾಗ ಅವು ಇವೆಯೆಂದೇ ನನಗೆ ತಿಳಿಯುತ್ತಿರಲಿಲ್ಲ.

ಹದಿನಾರು ಪಿಕ್ಸೆಲ್ಲಿನ ಮಾತನ್ನು ಮಕ್ಕಳಿಗೆ ಹೇಳಿದೆ, ಅವರಿಗೆ ಅದು ಹಿಡಿಸಲಿಲ್ಲ. ಹಾಗಾಗಿ ಸೂರ್ಯನನ್ನು ಹದಿನಾರು ಸೆಂಟಿಮೀಟರ್ ಅಗಲಕ್ಕೆ ಮುದ್ರಿಸಿದೆವು. ಆ ಅಳತೆಗೆ ಭೂಮಿ ಒಂದೂವರೆ ಮಿಲಿಮೀಟರ್, ಅಂದರೆ ಒಂದು ರಾಗಿ ಕಾಳು. ಒಬ್ಬ ಹುಡುಗಿ ಮನೆಯಿಂದ ಚಿಟಿಕೆ ರಾಗಿ ತಂದು ದೊಡ್ಡ ಕಲೆಯ ಮೇಲೆ ಒಂದೊಂದೇ ಕಾಳಿಟ್ಟಳು. ಎರಡು ಹಿಡಿಸಿದವು, ಮೂರನೆಯದು ಬೂದು ಅಂಚಿನಿಂದ ಹೊರಗೆ ಬಂತು. “ಮಿಸ್, ನಾಳೆ ಇದು ದೊಡ್ಡದಾಗುತ್ತಾ?” ಎಂದು ಕೇಳಿದಳು. ನಾಳೆ ಎಂಟು ಗಂಟೆಗೆ ಬಾ, ತೆಗೆದು ನೋಡೋಣ ಎಂದಿದ್ದೇನೆ. ಟ್ರ್ಯಾಕರಿನ ಉತ್ತರದ ಕಾಲನ್ನು ಗಿಡ್ಡ ಮಾಡಿಟ್ಟಾಗಿದೆ, ಮರಳಿನ ಚೀಲವೂ ಸಿದ್ಧವಿದೆ. ರಾತ್ರಿ ಮೋಡ ಬಿಡುವುದನ್ನೇ ಕಾಯುತ್ತಿದ್ದೇನೆ.