ವಾಚ್‌ನೈಟಲ್ಲಿ ಅಮ್ಮಂಗೆ ಬಂದ ವಾಗ್ದಾನದ ಕಾರ್ಡು, ದೇವ್ರು ಮಾತು ತಪ್ಪಿದ್ರಾ?

ಮಂಡ್ಯದಮಗಳು:
ಎಲ್ರಿಗೂ ಸ್ತೋತ್ರ. ಇದನ್ನ ಚರ್ಚಲ್ಲಿ ಯಾರ ಹತ್ರನೂ ಕೇಳಕ್ಕಾಗ್ತಿಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ. ನಮ್ದು ಮಂಡ್ಯ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಹೋದ್ ಡಿಸೆಂಬರ್ 31ರ ರಾತ್ರಿ ಸರ್ವಿಸ್ ಮುಗುದ್ಮೇಲೆ ಎಲ್ರೂ ತಟ್ಟೆಯಿಂದ ಒಂದೊಂದು ವಾಗ್ದಾನದ ಕಾರ್ಡ್, ಅಂದ್ರೆ ಬೈಬಲ್ ವಚನ ಇರೋ ಚೀಟಿ, ಎತ್ಕೊಂಡ್ವಿ, ಅಮ್ಮಂಗೆ ಕೀರ್ತನೆ 91:16 ಬಂತು, ದೀರ್ಘಾಯುಷ್ಯ ಕೊಟ್ಟು ತೃಪ್ತಿಪಡಿಸ್ತೀನಿ ಅನ್ನೋ ವಚನ. ಆಗ್ಲೇ ಡಯಾಲಿಸಿಸ್ ನಡೀತಿತ್ತು, ವಾರಕ್ಕೆರಡ್ ಸಲ ಟ್ರೈನಲ್ಲಿ ಮೈಸೂರಿಗೆ ಕರ್ಕೊಂಡ್ ಹೋಗ್ತಿದ್ದೆ. ಕಾರ್ಡ್ ಓದಿ ಅಮ್ಮ ಅಲ್ಲೇ ಅತ್ಬುಟ್ರು, "ನೋಡು, ದೇವ್ರೇ ಹೇಳವ್ರೆ" ಅಂದ್ರು. ಆಮೇಲೆ ಪ್ರತಿ ಸಲ ಸೂಜಿ ಚುಚ್ಚೋವಾಗ್ಲೂ ಅದೇ ವಚನ ಬಾಯಲ್ಲಿ. ಆಗಸ್ಟಲ್ಲಿ ಹೋಗ್ಬುಟ್ರು. 56 ವರ್ಷ.

ದೇವ್ರಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಆತ ಮಾತು ಕೊಟ್ರೆ ತಪ್ಪಲ್ಲ ಅಂತ ಚಿಕ್ಕೋಳಿದ್ದಾಗಿಂದ ಕೇಳ್ಕೊಂಡ್ ಬಂದಿದೀನಿ, ಹಾಗಾದ್ರೆ ಇದೇನು? ಮತ್ತೆ ಡಿಸೆಂಬರ್ ಬರ್ತಿದೆ, ಆ ತಟ್ಟೆ ಮುಂದೆ ಹೋಗಿ ನಿಂತ್ಕೊಳಕ್ಕೆ ಆಗಲ್ಲ ಅನ್ಸುತ್ತೆ.

ಜೀವಜಲ:
ಸಿಸ್ಟರ್, ದೇವ್ರು ಸಮಾಧಾನ ಕೊಡ್ಲಿ. ವಾಗ್ದಾನ ಯಾವತ್ತೂ ಸುಳ್ಳಾಗಲ್ಲ, ಆದ್ರೆ ಅದನ್ನ ಹಿಡ್ಕೊಳೋ ನಂಬಿಕೆ ನಮ್ಮಲ್ಲಿ ಪೂರ್ತಿ ಇರ್ಬೇಕು. ಎಲ್ಲೋ ಸ್ವಲ್ಪ ಸಂದೇಹ ಬಂದಿರ್ಬೋದು, ಪ್ರಾರ್ಥನೆ ಮಾಡಿ ನೋಡಿ.

ಸಂಡೆಸ್ಕೂಲ್‌ಟೀಚರ್_ಮೈಸೂರು:
ಜೀವಜಲ ಅವ್ರೇ, ದಯವಿಟ್ಟು ತಾಯಿ ಕಳ್ಕೊಂಡ ಹುಡ್ಗಿಗೆ ಹೀಗೆ ಹೇಳ್ಬೇಡಿ. ಬೈಬಲಲ್ಲಿ ಇಬ್ರಿಯ 11ನೇ ಅಧ್ಯಾಯ ತೆಗ್ದು ಓದಿ. 34ನೇ ವಚನದಲ್ಲಿ ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸ್ಕೊಂಡೋರು ಇದಾರೆ, 37ರಲ್ಲಿ ಅದೇ ನಂಬಿಕೆ ಇಟ್ಕೊಂಡೇ ಕತ್ತಿಯಿಂದ ಸತ್ತೋರೂ ಇದಾರೆ, ಸತ್ತೋರ ನಂಬಿಕೆ ಕಮ್ಮಿ ಇತ್ತು ಅಂತ ಅಲ್ಲೆಲ್ಲೂ ಬರ್ದಿಲ್ಲ, ಇಬ್ರಿಗೂ ಒಂದೇ ಸಾಕ್ಷಿ ಕೊಟ್ಟಿದೆ.

ಮಗಳೇ, ಮೊದ್ಲು ಅಮ್ಮನ ವಿಷ್ಯ. ಸೂಜಿ ಚುಚ್ಚೋವಾಗ ಬಾಯಲ್ಲಿ ವಚನ ಇಟ್ಕೊಂಡಿದ್ದೋರ ನಂಬಿಕೆ ಬಗ್ಗೆ ಯಾರೂ ಮಾತಾಡ್ಬಾರ್ದು. ಇನ್ನು ಆ ಕೀರ್ತನೆ 91 ಇದ್ಯಲ್ಲ, ಅದೇ ಕೀರ್ತನೆಯ 11, 12ನೇ ವಚನಗಳನ್ನ ಸೈತಾನ ದೇವಾಲಯದ ತುದಿಯಲ್ಲಿ ನಿಲ್ಸಿ ಯೇಸುವಿಗೇ ಹೇಳ್ತಾನೆ, ದೂತರು ಎತ್ಕೊಳ್ತಾರೆ ಧುಮುಕು ಅಂತ. ವಚನ ಸುಳ್ಳಲ್ಲ, ಅದನ್ನ ಕಿತ್ತು ತಂದು ಇವತ್ತೇ ಇಲ್ಲೇ ಹೀಗೇ ಆಗ್ಲಿ ಅಂತ ನಿಲ್ಸಿದ್ದು ತಪ್ಪು. ಯೇಸು ಧುಮುಕಲಿಲ್ಲ, ದೇವ್ರನ್ನ ಪರೀಕ್ಷೆ ಮಾಡ್ಬಾರ್ದು ಅನ್ನೋ ಧರ್ಮೋಪದೇಶಕಾಂಡದ ಮಾತು ಹೇಳಿ ಸುಮ್ನಾದ್ರು. ಆತನಿಗೂ ದೀರ್ಘಾಯುಷ್ಯ ಸಿಗ್ಲಿಲ್ಲ ನೋಡಿ, ಶಿಲುಬೆ ಸಿಕ್ತು, ಎದ್ದು ಬಂದ ಆ ಮೂರನೇ ದಿನ ಆಮೇಲೆ ಬಂತು. ಕಾರ್ಡ್ ಕಟ್ ಮಾಡೋದು ನಮ್ಮಂಥೋರೇ, ನಾನೇ ಎಷ್ಟೋ ವರ್ಷ ಕತ್ತರಿ ಹಿಡ್ದು ಕೂತು ಮಾಡಿದೀನಿ. ಹಿಂದೆ ಮುಂದೆ ಇರೋದೆಲ್ಲ ಬಿಟ್ಟು ಒಂದೇ ಸಾಲು ಕೊಟ್ರೆ ಓದೋರಿಗೆ ಏನಾಗುತ್ತೆ ಅಂತ ಈಗ ನಿಮ್ಮಿಂದ ಗೊತ್ತಾಗ್ತಿದೆ.

ನಾಲೆದಂಡೆ:
ನಾನೂ ಮಂಡ್ಯ ಕಡೆಯೋನೇ ಕಣಮ್ಮ, ಬೇಸಾಯ, ಓದಿರದು ಕಮ್ಮಿ. ನಂಗೆ ಬೈಬಲಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ ಅಂದ್ರೆ ಪ್ರಾಣ, ಯಾಕಂದ್ರೆ ಅದು ಜಮೀನ್ ಕ್ರಯದ ಕತೆ. ಬಾಬೆಲಿನ ಸೈನ್ಯ ಯೆರೂಸಲೇಮನ್ನ ಸುತ್ಕೊಂಡಿದೆ, ಯೆರೆಮೀಯ ಕಾವಲಲ್ಲಿ ಬಂದಿ, ಊರು ಬೀಳುತ್ತೆ ಅಂತ ಹೇಳಿದ್ದೂ ಅವ್ನೇ. ಅಂಥ ಟೈಮಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಲ್ಲಿರೋ ಹೊಲ ತಗೋ ಅಂತಾನೆ, ದೇವ್ರೂ ತಗೋ ಅಂತಾರೆ. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕ್ಸಿ, ಪತ್ರ ಎರಡು, ಮುಚ್ಚಳ ಮುದ್ರೆ ಹಾಕಿದ್ದೊಂದು ತೆರೆದಿದ್ದೊಂದು, ತನ್ನ ಬರಹಗಾರ ಬಾರೂಕನ ಕೈಲಿ ಮಣ್ಣಿನ ಗಡಿಗೇಲಿ ಇಡಿಸ್ತಾನೆ, ಬಾಳಾ ದಿನ ಕೆಡದೆ ಇರ್ಲಿ ಅಂತ. ಈ ದೇಶದಲ್ಲಿ ಮತ್ತೆ ಮನೆ ಹೊಲ ತೋಟ ಕೊಳ್ಳೋ ಕಾಲ ಬರುತ್ತೆ, ಅದೇ ವಾಗ್ದಾನ.

ಕ್ರಯ ಆದ್ಮೇಲೆ ಯೆರೆಮೀಯನಿಗೇ ತಳಮಳ. ಊರೇ ಶತ್ರು ಕೈಗೆ ಹೋಗ್ತಿದೆ, ನೀನು ಹೊಲ ತಗೋ ಅಂತೀಯಲ್ಲ ಸ್ವಾಮಿ ಅಂತ ಪ್ರಾರ್ಥನೇಲೇ ಕೇಳ್ತಾನೆ. ನೀವು ಇಲ್ಲಿ ಕೇಳಿದ್ದೂ ಅಂಥದ್ದೇ, ಪಾಪ ಅಲ್ಲ. ಅವ್ನು ಆ ಹೊಲದಲ್ಲಿ ಒಂದ್ ಸಾಲು ಉಳ್ಲಿಲ್ಲ, ಕೊನೆಗೆ ಜನ ಅವ್ನನ್ನ ಐಗುಪ್ತಕ್ಕೆ ಎಳ್ಕೊಂಡ್ ಹೋದ್ರು. ಅವ್ನ್ ಮಟ್ಟಿಗೆ ವಾಗ್ದಾನ ಸುಳ್ಳು ಅಂತಾನೇ ಯಾರಾದ್ರೂ ಅನ್ನೋರು. ಈಗ ಎಜ್ರ 2 ತೆಗೀರಿ, ಸೆರೆ ಹೋಗಿ ಬಾಬೆಲಿಂದ ವಾಪಸ್ ಬಂದೋರ ಪಟ್ಟಿ, ಬರೀ ಹೆಸ್ರು ಲೆಕ್ಕ ಅಂತ ಎಲ್ರೂ ಹಾರ್ಸ್ಕೊಂಡ್ ಓದೋ ಅಧ್ಯಾಯ. 23ನೇ ವಚನ: ಅನಾತೋತಿನವರು 128. ಅದನ್ನ ಮೊದ್ಲ್ ಸಲ ಗಮನ್ಸಿದಾಗ ಬೈಬಲ್ ಮುಚ್ಚಿ ಹಾಗೇ ಕೂತ್ಬುಟ್ಟೆ. ಪತ್ರ ಬರೆಸ್ಕೊಂಡೋನು ಇಲ್ಲ, ಪತ್ರ ಕೆಟ್ಟಿಲ್ಲ. ನಿಮ್ಮಮ್ಮನ ವಚನ 56ಕ್ಕೆ ನಿಂತೋಯ್ತು ಅಂತ ನಂಗನ್ಸಲ್ಲ, ರಕ್ಷಣೆ ತೋರುಸ್ತೀನಿ ಅಂತ ಅದೇ ವಚನದ ಇನ್ನರ್ಧ ಇದ್ಯಲ್ಲ.

ಮರಿಯಮ್ಮನಮಗ:
ನಾವು ಕ್ಯಾಥೊಲಿಕ್ಕು, ಮೈಸೂರು, ಕಾರ್ಡ್ ಎತ್ತೋ ಪದ್ಧತಿ ನಮ್ಮನೇಲಿಲ್ಲ. ನವೆಂಬರ್ 2ಕ್ಕೆ, ಸತ್ತೋರನ್ನ ನೆನೆಯೋ ದಿನ, ಅಪ್ಪನ ಸಮಾಧಿ ತೊಳ್ದು ಹೂ ಹಾಕಿ ಮೇಣದ ಬತ್ತಿ ಹಚ್ತೀವಿ, ನಾಲೆದಂಡೆ ಅಣ್ಣ ಹೇಳಿದ್ದು ಓದಿ ಅದೂ ಒಂದು ಪತ್ರ ಇಟ್ಟಂಗೇ ಅನ್ನಿಸ್ತು. ಅಕ್ಕ, ಇಂಥ ಟೈಮಲ್ಲಿ ಒಬ್ರೇ ಇರ್ಬೇಡಿ.

ಮಂಡ್ಯದಮಗಳು:
ಎಲ್ರಿಗೂ ಥ್ಯಾಂಕ್ಸ್, ಅಳ್ತಾ ಓದ್ದೆ. ಟೀಚರ್, ನೀವು ಬೇಜಾರ್ ಮಾಡ್ಕೋಬೇಡಿ, ಆ ಎಂಟ್ ತಿಂಗ್ಳು ಅಮ್ಮಂಗೆ ಆ ಸಾಲು ಧೈರ್ಯ ಕೊಡ್ತು, ಅದನ್ನ ನಾನು ಕಣ್ಣಾರೆ ನೋಡಿದೀನಿ. ಕಾರ್ಡ್ ಅವ್ರ ಬೈಬಲಲ್ಲೇ ಇದೆ, ಇಷ್ಟು ದಿನ ಮುಟ್ಟಿರ್ಲಿಲ್ಲ, ಈಗ ತೆಗ್ದು ನೋಡಿದ್ರೆ ಹಿಂದ್ಗಡೆ ಅಮ್ಮ ಪೆನ್ಸಿಲಲ್ಲಿ ನನ್ ಹೆಸ್ರು ತಮ್ಮನ ಹೆಸ್ರು ಬರ್ದಿದಾರೆ, ಅವ್ರ ಹೆಸ್ರಿಲ್ಲ. ಇದ್ರ ಅರ್ಥ ಏನೋ ಗೊತ್ತಿಲ್ಲ. ಡಿಸೆಂಬರ್ 31ಕ್ಕೆ ಹೋಗ್ತೀನೋ ಇಲ್ವೋ ಇನ್ನೂ ಹೇಳಕ್ಕಾಗಲ್ಲ. ನಾಲೆದಂಡೆ ಅಣ್ಣ, ಅಪ್ಪಂಗೆ ಸಣ್ಣಕ್ಷರ ಕಾಣಲ್ಲ, ಇವತ್ತು ರಾತ್ರಿ ಊಟ ಆದ್ಮೇಲೆ ಯೆರೆಮೀಯ 32 ನಾನೇ ಓದಿ ಹೇಳ್ತೀನಿ, ಆಮೇಲೆ ಎಜ್ರದ ಆ ಪಟ್ಟಿನೂ.